ಕಂಬಕ್ಕೆ ಗೊತ್ತಿರುವ ಗುಟ್ಟು

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕರೆಂಟ್ ಕಂಬ ಉಂಟು. ನಾನು ದಿನಾ ಅದರ ಬುಡದಲ್ಲಿ ನಿಂತು ಬಸ್ಸು ಕಾಯುತ್ತೇನೆ. ಇಷ್ಟು ವರ್ಷದಲ್ಲಿ ಊರು ಬಹಳ ಬದಲಾಯಿತು. ರಸ್ತೆಗೆ ಕಾಂಕ್ರೀಟ್ ಹಾಕಿದರು, ಪೈಪಿಗೆ ಅಂತ ಅಗೆದರು, ಮತ್ತೆ ಹಾಕಿದರು. ಕಂಬದ ಮೇಲಿನ ಚೀಟಿ ಮಾತ್ರ ಹಾಗೇ ಉಂಟು. ಹಳದಿ ಕಾಗದ, ಕೆಂಪು ಅಕ್ಷರ: 'ಗುಪ್ತರೋಗ'.

ಗುಪ್ತ ಅಂದರೆ ಗುಟ್ಟಿನದ್ದು ಅಂತ ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಇರಲಿ. ಆದರೆ ಇಡೀ ಊರಿನಲ್ಲಿ ಇದರಷ್ಟು ಜಾಹೀರಾದ ರೋಗ ಬೇರೆ ಇಲ್ಲ. ಸಕ್ಕರೆ ಕಾಯಿಲೆಗೆ ಕಂಬದಲ್ಲಿ ಒಂದು ಚೀಟಿ ಇಲ್ಲ. ಬಿಪಿಗೆ ಇಲ್ಲ. ಮಳೆಗಾಲದಲ್ಲಿ ಡೆಂಗಿಯ ಬಗ್ಗೆ ಒಂದು ಅಂಟಿಸುತ್ತಾರೆ, ಮರುದಿನ ಅದರ ಮೇಲೆ ಗುಪ್ತರೋಗ ಕೂತಿರುತ್ತದೆ. ಸಾರ್ವಜನಿಕ ಮೂತ್ರಾಲಯಕ್ಕೆ ಹೋದರೆ ಇನ್ನೂ ಚಂದ. ಅಲ್ಲಿ ಸರಿಯಾಗಿ ಕಣ್ಣಿನ ಎತ್ತರಕ್ಕೆ ಅಂಟಿಸಿರುತ್ತಾರೆ. ಓದುಗ ಅರ್ಧದಲ್ಲಿ ಬಿಟ್ಟು ಹೋಗುವ ಹಾಗಿಲ್ಲ. ಇಂಥ ಭಾಗ್ಯ ನಮ್ಮಂಥ ಅಂಕಣಕಾರರಿಗೆ ಎಲ್ಲಿಂದ ಬರಬೇಕು!

ಚೀಟಿಯಲ್ಲಿ ಇರುವುದು ಇಷ್ಟೇ. ನಿರಾಶರಾಗಬೇಡಿ. ಮದುವೆಗೆ ಮುಂಚೆ, ಮದುವೆಯ ನಂತರ. ನರ ದೌರ್ಬಲ್ಯ. ವಂಶಪಾರಂಪರ್ಯ ವೈದ್ಯರು ತಿಂಗಳಿಗೆ ಎರಡು ಸಲ ಇಂಥ ಲಾಡ್ಜಿನ ಇಂಥ ರೂಮಿನಲ್ಲಿ ಸಿಗುತ್ತಾರೆ. ಮೊಬೈಲ್ ನಂಬರ್. ಗೌಪ್ಯತೆ ಕಾಪಾಡಲಾಗುವುದು.

ಈ ಜಾಹೀರಾತು ಕಾನೂನು ಪ್ರಕಾರ ಅಪರಾಧ. ಇಂದು ನಿನ್ನೆಯ ಕಾನೂನಲ್ಲ, 1954ರದ್ದು. ಆಗ ನಮ್ಮ ಮಂಗಳೂರು ಇನ್ನೂ ಮದ್ರಾಸ್ ರಾಜ್ಯದಲ್ಲಿತ್ತು. ಯಾವ ಯಾವ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡಬಾರದು ಎನ್ನುವ ಪಟ್ಟಿ ಅದರಲ್ಲಿ ಉಂಟು, ಲೈಂಗಿಕ ದೌರ್ಬಲ್ಯ ಆ ಪಟ್ಟಿಯಲ್ಲಿ ಉಂಟು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು, ಮತ್ತೆ ಮಾಡಿದರೆ ಒಂದು ವರ್ಷದವರೆಗೆ. ಇನ್ನು ಕಂಬಕ್ಕೆ ಕಂಡಾಬಟ್ಟೆ ಅಂಟಿಸಿ ಊರಿನ ಅಂದ ಕೆಡಿಸುವುದಕ್ಕೆ 1981ರ ಕರ್ನಾಟಕದ ಕಾನೂನು ಬೇರೆ. ಅಂಗೈ ಅಗಲದ ಒಂದು ಕಾಗದ, ಸ್ವಲ್ಪ ಮೈದಾ ಅಂಟು, ಎರಡು ಕಾಯ್ದೆ ಒಟ್ಟಿಗೆ ಮುರಿಯಿತು. ಅದರ ಮೇಲೆ ಅಪರಾಧಿ ತಾನೇ ತನ್ನ ಫೋನ್ ನಂಬರ್, ಲಾಡ್ಜಿನ ವಿಳಾಸ, ಬರುವ ತಾರೀಕು, ಹೊತ್ತು ಎಲ್ಲ ಅಚ್ಚು ಹಾಕಿಸಿ ಕೊಟ್ಟಿದ್ದಾನೆ. ಇಷ್ಟು ಪ್ರಾಮಾಣಿಕ ಅಪರಾಧಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಹೋಗಿ ಹಿಡಿಯುವವರು ಮಾತ್ರ ಇಲ್ಲ. ಬಹುಶಃ ಗುಪ್ತವಾಗಿ ಹುಡುಕುತ್ತಿರಬೇಕು.

ನಮ್ಮ ವಠಾರದಲ್ಲಿ ಒಬ್ಬರು ಅಣ್ಣ ಇದ್ದಾರೆ. ಹೆಸರು ಬೇಡ. ಚೀಟಿಯವನೇ ಗೌಪ್ಯತೆ ಕಾಪಾಡುತ್ತೇನೆ ಎನ್ನುವಾಗ ನಾನು ಮಾತು ತಪ್ಪಬಾರದು. ವಯಸ್ಸು ಐವತ್ತೆರಡು. ಹೊಟ್ಟೆ ಸ್ವಲ್ಪ ಮುಂದೆ, ದಿನಕ್ಕೆ ಒಂದು ಕಟ್ಟು ಬೀಡಿ, ಶನಿವಾರ ಎರಡು ಪೆಗ್ಗು, ಜೊತೆಗೆ ಬಂಗುಡೆ ಫ್ರೈ. ಅವರ ಮನೆಯಿಂದ ಆಟೋ ಹತ್ತಿದರೆ ಹತ್ತು ನಿಮಿಷದೊಳಗೆ ಮೂರು ದೊಡ್ಡ ಆಸ್ಪತ್ರೆ ಸಿಗುತ್ತದೆ. ಮಂಗಳೂರು ಅಂದರೆ ಹಾಗೇ ಅಲ್ವಾ, ಕಲ್ಲು ಎಸೆದರೆ ಮೆಡಿಕಲ್ ಕಾಲೇಜಿನ ಗಾಜಿಗೆ ಬೀಳಬೇಕು. ಕೇರಳದಿಂದ, ಕೊಡಗಿನಿಂದ, ಶಿವಮೊಗ್ಗದಿಂದ ಜನ ಚಿಕಿತ್ಸೆಗೆ ಇಲ್ಲಿಗೆ ಬರುತ್ತಾರೆ. ನಮ್ಮ ಅಣ್ಣ ಮಾತ್ರ ನಿಮಿರುವಿಕೆಯ ತೊಂದರೆಗೆ ಕಂಬ ನೋಡಿ ಲಾಡ್ಜಿಗೆ ಹೋದರು.

ಲಾಡ್ಜಿನ ವೈದ್ಯರು ನಾಡಿ ಹಿಡಿದರು. ಕಣ್ಣು ಮುಚ್ಚಿದರು. "ಸಣ್ಣ ಪ್ರಾಯದಲ್ಲಿ ಕೈಯಾರೆ ಹಾಳು ಮಾಡಿಕೊಂಡಿದ್ದೀರಿ" ಎಂದರು. ಅಣ್ಣ ತಲೆ ತಗ್ಗಿಸಿದರು. ಯಾವ ಗಂಡಸಿಗೆ ಈ ಮಾತು ಹೇಳಿದರೂ ತಲೆ ತಗ್ಗಿಸುತ್ತಾನೆ, ಇದರಲ್ಲಿ ನಾಡಿಯ ಮಹಿಮೆ ಎಂಥದ್ದೂ ಇಲ್ಲ. ಮತ್ತೆ ಬಂತು ಆ ಹಳೆಯ ಲೆಕ್ಕ: ನಲವತ್ತು ಹನಿ ರಕ್ತಕ್ಕೆ ಒಂದು ಹನಿ ಧಾತು, ಅಂದರೆ ವೀರ್ಯ.

ನಾನು ಒಂದು ರಾತ್ರಿ ಕೂತು ಈ ಲೆಕ್ಕ ಮಾಡಿದೆ. ಒಂದು ಮಿಲಿಲೀಟರಿಗೆ ಸುಮಾರು ಇಪ್ಪತ್ತು ಹನಿ. ಒಂದು ಸಲಕ್ಕೆ ಮೂರು ಮಿಲಿಲೀಟರ್ ಅಂತ ಹಿಡಿಯಿರಿ, ಅರವತ್ತು ಹನಿ. ನಲವತ್ತರಿಂದ ಗುಣಿಸಿದರೆ 2,400 ಹನಿ ರಕ್ತ, ಅಂದರೆ 120 ಮಿಲಿಲೀಟರ್. ಮೂರು ಸಲಕ್ಕೆ ರಕ್ತದಾನ ಶಿಬಿರದ ಒಂದು ಬಾಟಲಿ ಆಯಿತು. ಶಿಬಿರದವರಾದರೂ ಒಂದು ಪ್ಯಾಕೆಟ್ ಬಿಸ್ಕತ್ತು, ಒಂದು ಜ್ಯೂಸು, ಒಂದು ಸರ್ಟಿಫಿಕೇಟ್ ಕೊಡುತ್ತಾರೆ. ಈ ಲೆಕ್ಕ ನಿಜವಾಗಿದ್ದರೆ ನಮ್ಮ ಕಾಲೇಜು ಹಾಸ್ಟೆಲುಗಳಲ್ಲಿ ಒಬ್ಬ ಹುಡುಗನೂ ಎದ್ದು ನಡೆಯುತ್ತಿರಲಿಲ್ಲ. ಧಾತು ಹೋಯಿತು, ಶಕ್ತಿ ಹೋಯಿತು ಅಂತ ಕೊರಗುವ ಈ ಹೆದರಿಕೆಗೆ ಮನೋವೈದ್ಯರು ಒಂದು ಹೆಸರೇ ಇಟ್ಟಿದ್ದಾರೆ, ಧಾತ್ ಸಿಂಡ್ರೋಮ್. 1960ರಲ್ಲಿ ಡಾ. ಎನ್.ಎನ್. ವಿಗ್ ಇಟ್ಟ ಹೆಸರು ಅದು. ಕಾಯಿಲೆ ಇರುವುದು ಹೆದರಿಕೆಯಲ್ಲಿ. ಹೆದರಿಸುವವನಿಗೆ ಮಾತ್ರ ಅದು ಹೊಟ್ಟೆಪಾಡು.

ಔಷಧಿ ಒಂದು ಡಬ್ಬ ಲೇಹ್ಯ, ಒಂದು ಸೀಸೆ ಎಣ್ಣೆ. 6,500 ರೂಪಾಯಿ. "ಶುದ್ಧ ನೈಸರ್ಗಿಕ, ಅಡ್ಡ ಪರಿಣಾಮ ಇಲ್ಲ." ಎಣ್ಣೆಯ ಸೀಸೆಯ ಮೇಲೆ ಹಲ್ಲಿಯ ಚಿತ್ರ. ರಾಜಸ್ಥಾನ, ಗುಜರಾತಿನ ಒಣ ನೆಲದಲ್ಲಿ ಮುಳ್ಳುಬಾಲದ ಒಂದು ಹಲ್ಲಿ ಇರುತ್ತದೆ. ಪಾಪದ ಪ್ರಾಣಿ. ಬಹುಪಾಲು ಸೊಪ್ಪು ತಿಂದು, ಬಿಲದಲ್ಲಿ ಮಲಗಿ, ಯಾರ ಸುದ್ದಿಗೂ ಹೋಗದೆ ಬದುಕುವಂಥದ್ದು. ಅದನ್ನು ಹಿಡಿದು ಕೊಬ್ಬು ಕರಗಿಸಿ ಗಂಡಸರಿಗೆ ಮಾರುತ್ತಾರೆ. ವನ್ಯಜೀವಿ ಕಾಯ್ದೆಯೂ ಮುರಿಯಿತು ಅನ್ನಿ, ಲೆಕ್ಕಕ್ಕೆ ಮೂರನೆಯದು.

ನೈಸರ್ಗಿಕ ಎನ್ನುವ ಮಾತಿಗೆ ನಾವು ಕರಾವಳಿಯವರು ಮರುಳಾಗಬಾರದು. ಆಟಿ ಅಮಾವಾಸ್ಯೆಗೆ ನಾವು ಹಾಳೆ ಮರದ ಕಷಾಯ ಕುಡಿಯುತ್ತೇವೆ. ನಸುಕಿಗೆ ಎದ್ದು ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕು. ಮರ ಗುರುತಿಸದೆ ಕತ್ತಲಲ್ಲಿ ವಿಷದ ಕಾಸರಕದ ತೊಗಟೆ ತಂದರೆ? ಅದೂ ಶುದ್ಧ ನೈಸರ್ಗಿಕವೇ, ಗುಡ್ಡದಲ್ಲೇ ಬೆಳೆದದ್ದು. ಕುಡಿದವರನ್ನು ಆಂಬುಲೆನ್ಸಿನಲ್ಲಿ ಹಾಕಬೇಕಾಗುತ್ತದೆ. ಅದಕ್ಕೇ ಹಿರಿಯರು ಹಿಂದಿನ ದಿನ ಬೆಳಕಿರುವಾಗಲೇ ಮರ ನೋಡಿ ಗುರುತು ಮಾಡಿ ಬರಲು ಹೇಳುವುದು. ವರ್ಷಕ್ಕೆ ಒಂದು ಲೋಟದ ಕಷಾಯಕ್ಕೆ ಇಷ್ಟು ಜಾಗ್ರತೆ. 6,500 ರೂಪಾಯಿಯ ಡಬ್ಬದೊಳಗೆ ಯಾವ ಮರ ಉಂಟು ಅಂತ ಕೇಳುವವರಿಲ್ಲ.

ಲೇಹ್ಯ ಕೆಲಸ ಮಾಡಿತು, ಹೇಳದೆ ಇರುವುದು ನ್ಯಾಯವಲ್ಲ. ಬರೀ ಒಂದು ಗಂಟೆಯಲ್ಲಿ ಕೆಲಸ ಮಾಡಿತು. ಮರುದಿನ ಅಣ್ಣ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದು ಪಿಸುಗುಟ್ಟಿದರು: "ಪವರ್ ಉಂಟು ಮಾರಾಯ್ರೆ. ಆದರೆ ಮುಖ ಕೆಂಪಾಗ್ತದೆ. ತಲೆ ಸಿಡೀತದೆ. ಮೂಗು ಕಟ್ತದೆ. ಮತ್ತೆ ಟ್ಯೂಬ್‌ಲೈಟ್ ಸ್ವಲ್ಪ ನೀಲಿ ಕಾಣ್ತದೆ."

ಅಶ್ವಗಂಧ ತಿಂದರೆ ಟ್ಯೂಬ್‌ಲೈಟ್ ನೀಲಿ ಕಾಣುವುದಿಲ್ಲ. ನೀಲಿ ಕಾಣುವುದು ಸಿಲ್ಡೆನಾಫಿಲ್ ತಿಂದರೆ. ವಯಾಗ್ರ ಅಂತ ಊರಿಗೆಲ್ಲ ಗೊತ್ತಿರುವ ಮಾತ್ರೆ. ಇಂಗ್ಲೆಂಡಿನಲ್ಲಿ ಎದೆನೋವಿಗೆ ಅಂತ ಪರೀಕ್ಷೆ ಮಾಡುತ್ತಿದ್ದರು, ಎದೆಗೆ ಅಷ್ಟಕ್ಕಷ್ಟೇ, ಬೇರೆ ಕಡೆ ಉಪಯೋಗ ಕಂಡಿತು. 1998ರ ಮಾರ್ಚ್‌ನಲ್ಲಿ ಅಮೆರಿಕ ಅನುಮತಿ ಕೊಟ್ಟಿತು. 'ನೈಸರ್ಗಿಕ' ಡಬ್ಬಗಳಲ್ಲಿ ಇದನ್ನು ಹೇಳದೆ ಬೆರೆಸುವುದು ಜಗತ್ತಿನ ಎಲ್ಲ ಕಡೆ ನಡೆಯುವ ವ್ಯಾಪಾರ. ಅಮೆರಿಕದಲ್ಲಿ 2007ರಿಂದ 2016ರವರೆಗೆ ಹೀಗೆ ಔಷಧಿ ಕದ್ದು ಬೆರೆಸಿದ 776 ಪೂರಕ ಆಹಾರಗಳು ಸಿಕ್ಕಿಬಿದ್ದವು. ಅದರಲ್ಲಿ 353 ಈ ಶಕ್ತಿಯ ಡಬ್ಬಗಳೇ. ಅಂದರೆ ನಮ್ಮ ಅಣ್ಣ ಇಂಗ್ಲಿಷ್ ಮದ್ದು ಬೇಡ ಅಂತ ಹೋಗಿ, ಇಂಗ್ಲಿಷ್ ಮದ್ದನ್ನೇ ಬೆಲ್ಲದ ಪಾಕದಲ್ಲಿ ಹತ್ತಿಪ್ಪತ್ತು ಪಟ್ಟು ಜಾಸ್ತಿ ಕೊಟ್ಟು ತಿಂದಿರಬೇಕು.

ಇಲ್ಲಿ ನಗು ಸ್ವಲ್ಪ ನಿಲ್ಲಿಸಬೇಕು. ಎದೆನೋವಿಗೆ ನಾಲಿಗೆಯ ಅಡಿ ಇಡುವ ನೈಟ್ರೇಟ್ ಮಾತ್ರೆ ಇದೆಯಲ್ಲ, ಅದನ್ನು ತೆಗೆದುಕೊಳ್ಳುವವರು ಇದನ್ನು ತಿಂದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ, ಜೀವವೂ ಹೋಗಬಹುದು. ಡಾಕ್ಟರು ಚೀಟಿ ಬರೆಯುವ ಮುಂಚೆ ಇದನ್ನು ಕೇಳುತ್ತಾರೆ. ಲೇಹ್ಯದ ಡಬ್ಬ ಕೇಳುವುದಿಲ್ಲ.

ಡಾಕ್ಟರ ಹತ್ತಿರ ಈ ಮಾತ್ರೆಗೆ ಚೀಟಿ ಬರೆಸಿಕೊಂಡವರ ಪಾಡು ಬೇರೆ. ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಮೊನ್ನೆ ಒಬ್ಬರು ನಿಂತಿದ್ದರು. ಮೊದಲು ವಿಕ್ಸ್ ತೆಗೆದುಕೊಂಡರು. ಮತ್ತೆ ಹತ್ತಿ. ಮತ್ತೆ ಮಗುವಿನ ಗ್ರೈಪ್ ವಾಟರ್. ನಾನು ಹೋಗಲಿ ಅಂತ ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಾಗುವಾಗ ತಡವಾಗಿತ್ತು. ಕೊನೆಗೆ ಮಡಚಿದ ಚೀಟಿಯನ್ನು ಲಂಚ ಕೊಡುವ ಹಾಗೆ ಗಾಜಿನ ಮೇಲೆ ತಳ್ಳಿದರು. ಅಂಗಡಿಯ ಹುಡುಗ ಒಳಗೆ ತಿರುಗಿ ದೊಡ್ಡ ಸ್ವರದಲ್ಲಿ ಕೇಳಿದ: "ಐವತ್ತರದ್ದಾ, ನೂರರದ್ದಾ?" ಆ ಮನುಷ್ಯ ಚಿಲ್ಲರೆ ಬಿಟ್ಟು, ಗ್ರೈಪ್ ವಾಟರನ್ನೂ ಬಿಟ್ಟು ಹೋದರು.

ಈ ನಾಚಿಕೆಯ ವಿಷಯಕ್ಕೆ ಒಂದು ಕತೆ ಉಂಟು. 1983, ಅಮೆರಿಕದ ಲಾಸ್ ವೇಗಸ್, ಮೂತ್ರರೋಗ ತಜ್ಞರ ಸಮ್ಮೇಳನ. ಜೈಲ್ಸ್ ಬ್ರಿಂಡ್ಲಿ ಎನ್ನುವ ಇಂಗ್ಲೆಂಡಿನ ವಿಜ್ಞಾನಿ, ಐವತ್ತು ದಾಟಿದವರು, ಹೋಟೆಲ್ ರೂಮಿನಲ್ಲಿ ತಾವೇ ಇಂಜೆಕ್ಷನ್ ಚುಚ್ಚಿಕೊಂಡು ವೇದಿಕೆಗೆ ಬಂದರು. ಸ್ಲೈಡು ತೋರಿಸಿದರು. ನಂಬದವರಿಗೆ ಪ್ಯಾಂಟ್ ಇಳಿಸಿ ತೋರಿಸಿದರು. ಅಷ್ಟಕ್ಕೇ ಬಿಡಲಿಲ್ಲ, ಮುಟ್ಟಿ ನೋಡಿ ಅಂತ ಸಭಿಕರ ಕಡೆಗೆ ನಡೆದೇಬಿಟ್ಟರು. ಮುಂದಿನ ಸಾಲಿನಲ್ಲಿ ಕಿರುಚಾಟ. ಆದರೆ ಒಂದು ವಿಷಯ ಸಾಬೀತಾಯಿತು: ಇದು ಬರೀ ಮನಸ್ಸಿನ ಕೊರಗಲ್ಲ, ರಕ್ತನಾಳದ ಕೆಲಸ. ನಮ್ಮವರು ಪ್ಯಾಂಟ್ ಇಳಿಸುವುದು ಬೇಡಪ್ಪ. ಡಾಕ್ಟರ ಮುಂದೆ ಬಾಯಿ ತೆರೆದರೆ ಸಾಕಿತ್ತು.

ಅಣ್ಣ ಬಾಯಿ ತೆರೆದದ್ದು ಡಬ್ಬ ಮುಗಿದ ಮೇಲೆ, ಅದೂ ನನ್ನ ಒತ್ತಾಯಕ್ಕೆ. ಡಾಕ್ಟರು ನಾಡಿ ಹಿಡಿದು ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಏಳುವಾಗ ಹೇಗಿರುತ್ತದೆ ಅಂತ ಕೇಳಿದರು. ಬೆಳಿಗ್ಗೆ ಸರಿ ಇದ್ದು ರಾತ್ರಿ ಮಾತ್ರ ಕೈಕೊಟ್ಟರೆ ತಲೆಯ ಚಿಂತೆ ಇರಬಹುದು, ಬೆಳಿಗ್ಗೆಯೂ ಇಲ್ಲ ಅಂದರೆ ನಾಳ, ನರ, ಹಾರ್ಮೋನು ನೋಡಬೇಕು. ಬಿಪಿಗೆ, ಖಿನ್ನತೆಗೆ ಮಾತ್ರೆ ತಿನ್ನುತ್ತೀರಾ, ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ ಎಂದರು. ಸಕ್ಕರೆ ಪರೀಕ್ಷೆ ಬರೆದರು. ಖಾಲಿ ಹೊಟ್ಟೆಯಲ್ಲಿ 212 ಬಂತು. ಎಷ್ಟು ವರ್ಷದಿಂದ ಸಕ್ಕರೆ ಇತ್ತೋ, ಕಂಬ ಹೇಳಿರಲಿಲ್ಲ.

ಮತ್ತೆ ಡಾಕ್ಟರು ನಳ್ಳಿಯ ಲೆಕ್ಕದಲ್ಲಿ ತಿಳಿಸಿ ಹೇಳಿದರಂತೆ. ತುಂಬೆಯ ಅಣೆಕಟ್ಟಿನಿಂದ ಊರಿಗೆಲ್ಲ ನೀರು ಬರುತ್ತದಲ್ಲ. ಪೈಪಿನಲ್ಲಿ ಕೆಸರು ಕೂತರೆ ಮೊದಲು ನೀರು ನಿಲ್ಲುವುದು ಸಣ್ಣ ಪೈಪಿನ ಮನೆಗೆ. ಅಲ್ಲಿನ ರಕ್ತನಾಳ ಒಂದೆರಡು ಮಿಲಿಮೀಟರ್, ಹೃದಯದ್ದು ಮೂರು ನಾಲ್ಕು. ಕೆಳಗೆ ಕಟ್ಟಿಕೊಂಡ ಮೇಲೆ ಹೃದಯದಲ್ಲೂ ಕಟ್ಟಿಕೊಳ್ಳುವುದಕ್ಕೆ ಹಲವರಿಗೆ ಎರಡರಿಂದ ಐದು ವರ್ಷ. ಮುಂಚಿತವಾಗಿ ನೋಟಿಸು ಬಂದಿದೆ, ನೀವು ಅದಕ್ಕೆ ಎಣ್ಣೆ ಹಚ್ಚುತ್ತಿದ್ದೀರಿ ಎಂದರಂತೆ. ಅಮೆರಿಕದಲ್ಲಿ ನಲವತ್ತರಿಂದ ಎಪ್ಪತ್ತು ವರ್ಷದ ಗಂಡಸರನ್ನು ಕೇಳಿ ನೋಡಿದಾಗ ನೂರರಲ್ಲಿ 52 ಜನಕ್ಕೆ ಹೆಚ್ಚುಕಡಿಮೆ ಈ ತೊಂದರೆ ಇತ್ತು, ನೀವೊಬ್ಬರೇ ಅಲ್ಲ ಅಂತಲೂ ಹೇಳಿದರು. ಇದು ಕೇಳಿ ಅಣ್ಣನಿಗೆ ಸಿಕ್ಕಷ್ಟು ಸಮಾಧಾನ ಲೇಹ್ಯದಿಂದಲೂ ಸಿಕ್ಕಿರಲಿಲ್ಲ.

ಇಷ್ಟೆಲ್ಲ ಆಗಿ ಕೊನೆಗೆ ಬರೆದುಕೊಟ್ಟದ್ದು ಏನು? ಸಕ್ಕರೆಯ ಮಾತ್ರೆ, ಇಸಿಜಿ. ಉಳಿದದ್ದೆಲ್ಲ ನಿಜವಾದ ನೈಸರ್ಗಿಕ. ಬೀಡಿ ಬಿಡಿ. ಸರಿ ನಿದ್ದೆ ಮಾಡಿ. ದಿನಾ ನಡೆಯಿರಿ. ಇಟಲಿಯಲ್ಲಿ ತೂಕ ಜಾಸ್ತಿ ಇದ್ದ 110 ಗಂಡಸರನ್ನು ತೆಗೆದುಕೊಂಡು, ಅರ್ಧ ಜನಕ್ಕೆ ಎರಡು ವರ್ಷ ಸರಿಯಾಗಿ ಊಟ, ವ್ಯಾಯಾಮ ಮಾಡಿಸಿದರು. ಅವರಲ್ಲಿ ಮೂರರಲ್ಲಿ ಒಂದು ಪಾಲು ಜನ ಸರಿಯಾದರು. ಆದರೆ ಕದ್ರಿ ಪಾರ್ಕಿನಲ್ಲಿ ನಾಲ್ಕು ಸುತ್ತು ನಡೆಯುವುದನ್ನು ಡಬ್ಬದಲ್ಲಿ ತುಂಬಿ ಮಾರಲಿಕ್ಕೆ ಆಗುವುದಿಲ್ಲ. ಅದಕ್ಕೆ ಕಂಬದಲ್ಲಿ ಅದರ ಜಾಹೀರಾತು ಇಲ್ಲ.

ಇನ್ನೊಂದು ವ್ಯಾಯಾಮ. ಮೂತ್ರ ಅರ್ಧದಲ್ಲಿ ತಡೆಯುವಾಗ ಬಿಗಿಯುತ್ತೇವಲ್ಲ, ಆ ಸ್ನಾಯುವನ್ನು ಬಿಗಿಹಿಡಿದು, ಹತ್ತು ಎಣಿಸಿ, ಬಿಡುವುದು. ಬ್ರಿಟನ್ನಿನಲ್ಲಿ 55 ಗಂಡಸರಿಗೆ ಮಾಡಿಸಿದಾಗ ಆರು ತಿಂಗಳಲ್ಲಿ ನೂರಕ್ಕೆ ನಲವತ್ತು ಮಂದಿ ಸರಿಯಾಗಿದ್ದರಂತೆ. ಖರ್ಚು ಸೊನ್ನೆ. ಎಲ್ಲಿ ಬೇಕಾದರೂ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ನಂತೂರು ಸರ್ಕಲಿನ ಬ್ಲಾಕಿನಲ್ಲಿ ಸಿಕ್ಕಿಕೊಂಡವರು ಮೂರು ದಿನದ ಕೋಟಾ ಒಟ್ಟಿಗೆ ಮುಗಿಸಬಹುದು. ನಿಜವಾದ ಗುಪ್ತ ಚಿಕಿತ್ಸೆ ಅಂದರೆ ಇದು.

ಮನೆಯಲ್ಲಿ ಹೇಗೆ ಹೇಳುವುದು ಅಂತ ಅಣ್ಣನಿಗೆ ದೊಡ್ಡ ಚಿಂತೆ ಇತ್ತು. ಸೊಂಟ ನೋವಿಗೆ ಆಸ್ಪತ್ರೆಗೆ ಹೋದದ್ದು ಅಂತ ಹೇಳಿದ್ದರು. ಅವರ ಹೆಂಡತಿ ಬಸಳೆ ಸೊಪ್ಪು ಹೆಚ್ಚುತ್ತಾ ತಲೆ ಎತ್ತದೆ ಕೇಳಿದರಂತೆ: "ಸೊಂಟ ಬಿಡಿ. ಅದಕ್ಕೆ ಎಂತ ಹೇಳಿದ್ರು?"

ಮೊನ್ನೆ ಸಂಜೆ ಕಂಬದ ಹತ್ತಿರ ಅಣ್ಣ ಸಿಕ್ಕಿದರು. ಬೆನ್ನ ಹಿಂದೆ ಹೊಸ ಹಳದಿ ಚೀಟಿ, ಅಂಟು ಇನ್ನೂ ಹಸಿ. ಇವರು ನೇರ ನಿಂತು, ಹುಬ್ಬು ಗಂಟು ಹಾಕಿ, ದೂರ ಎಲ್ಲೋ ನೋಡುತ್ತಿದ್ದರು. "ಎಂತ ಅಣ್ಣ, ಬಸ್ಸು ಸಿಗ್ಲಿಲ್ವಾ?" ಎಂದೆ. ಉತ್ತರ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಉಸಿರು ಬಿಟ್ಟು ಬೈದರು:

"ಏಳರಲ್ಲಿದ್ದೆ ಮಾರಾಯ್ರೆ. ಈಗ ಪುನಃ ಒಂದರಿಂದ ಎಣಿಸ್ಬೇಕು."