ನಕ್ಷೆಯಲ್ಲಿ ಮೀನು ಕ್ಷೇಮ

ನೀವು ಯುರೋಪಿನ ಕಡಲಲ್ಲಿ ಹುಟ್ಟಿದ ಒಂದು ತೊರಕೆ ಮೀನು ಅಂತ ಇಟ್ಟುಕೊಳ್ಳಿ. ಸಂಸಾರ ಹೂಡೋಕೆ ಎರಡು ಜಾಗ ಇದೆ. ಒಂದು, ಸರ್ಕಾರ ಗೆರೆ ಎಳೆದು 'ಸಂರಕ್ಷಿತ ಸಾಗರ ಪ್ರದೇಶ' ಅಂತ ಹೆಸರಿಟ್ಟ ಜಾಗ. ಇನ್ನೊಂದು, ಯಾರೂ ಯಾವ ಹೆಸರನ್ನೂ ಇಡದ ಮಾಮೂಲಿ ಸಮುದ್ರ. ಯಾವ ಕಡೆ ಹೋಗ್ತೀರಿ? ಗೆರೆಯ ಒಳಗೆ ಅಂದಿರಾ? ಹಾಗಾದರೆ ಕೆಟ್ಟಿರಿ.

2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಯುರೋಪಿನ 727 ಸಂರಕ್ಷಿತ ಸಾಗರ ಪ್ರದೇಶಗಳಲ್ಲಿ ಬೋಟುಗಳು ಏನು ಮಾಡ್ತಿವೆ ಅಂತ, ಬೋಟುಗಳೇ ಕಳಿಸುವ ಸಿಗ್ನಲ್ ಹಿಡಿದು ನೋಡಿದರು. ಶೇ 59ರಷ್ಟು ಕಡೆ ಟ್ರಾಲರುಗಳು ಬಲೆ ಎಳೆಯುತ್ತಿದ್ದವು. ಇಷ್ಟಾಗಿದ್ದರೆ 'ಅಯ್ಯೋ ಪಾಪ' ಅಂದು ಮುಂದೆ ಹೋಗಬಹುದಿತ್ತು. ಆದರೆ ಗೆರೆಯ ಒಳಗಿನ ಟ್ರಾಲಿಂಗ್ ಹೊರಗಿನದಕ್ಕಿಂತ 1.4 ಪಟ್ಟು ಜಾಸ್ತಿ ಇತ್ತು! ಬೇಲಿಯೇ ಎದ್ದು ಹೊಲ ಮೇಯ್ದಿದ್ದನ್ನು ಕೇಳಿದ್ದೆವು. ಇಲ್ಲಿ ಬೇಲಿ ಹಾಕಿ, ಅದರ ಮೇಲೆ 'ಒಳಗೆ ಹುಲ್ಲು ಚೆನ್ನಾಗಿದೆ' ಅಂತ ಬೋರ್ಡ್ ತಗುಲಿಸಿದ ಹಾಗಿದೆ.

ಟ್ರಾಲ್ ಅಂದರೆ ಗಾಳ ಹಾಕಿ ಕೂತ ಹಾಗಲ್ಲ. ಅದು ದೊಡ್ಡ ಚೀಲದಂಥ ಬಲೆ. ಬಾಯಿ ಅಗಲವಾಗಿರಲಿ ಅಂತ ಎರಡೂ ಪಕ್ಕ ಭಾರದ ಹಲಗೆ. ತಳಕ್ಕೆ ಕಚ್ಚಿಕೊಂಡಿರಲಿ ಅಂತ ಕೆಳಗೆ ಸರಪಳಿ. ಬೋಟು ಎಳೆಯುತ್ತಾ ಹೋದಂತೆ ಅದು ಕಡಲ ತಳವನ್ನು ಉತ್ತುಕೊಂಡೇ ಹೋಗುತ್ತದೆ. ಬೇಕಾದ ಮೀನು, ಬೇಡದ ಮೀನು, ಮರಿ, ಮೊಟ್ಟೆ, ಅವು ಅಂಟಿಕೊಂಡಿದ್ದ ಕಲ್ಲು ಎಲ್ಲವೂ ಒಂದೇ ಚೀಲಕ್ಕೆ. ಟ್ರಾಲಿಂಗ್ ಜೋರಾಗಿರುವ ಕಡೆ ಶಾರ್ಕ್, ತೊರಕೆಗಳ ಸಂಖ್ಯೆ ಶೇ 69ರಷ್ಟು ಕಡಿಮೆ ಅಂತ ಅದೇ ಅಧ್ಯಯನ ಹೇಳಿತು.

ಇದರಲ್ಲಿ ಕಳ್ಳತನ ಏನೂ ಇರಬೇಕಾಗಿಲ್ಲ ಅನ್ನೋದೇ ಮಜಾ. ಎಷ್ಟೋ ಕಡೆ ಘೋಷಣೆಯ ಕಾಗದದಲ್ಲಿ ಟ್ರಾಲಿಂಗ್ ನಿಲ್ಲಿಸಿ ಅಂತ ಬರೆದೇ ಇರುವುದಿಲ್ಲ. ರಕ್ಷಣೆ ಅಂದರೆ ರಕ್ಷಣೆ ಅಷ್ಟೇ. ಯಾರಿಂದ, ಯಾವುದನ್ನು ಅಂತೆಲ್ಲ ಕೇಳೋದು ಅಧಿಕಪ್ರಸಂಗ ಆಗುತ್ತೆ.

ಇಷ್ಟಕ್ಕೂ ಗೆರೆ ಯಾಕೆ ಎಳೀತಾರೆ? ಲೆಕ್ಕ ಕೊಡಬೇಕಲ್ಲ! 2010ರಲ್ಲಿ ಜಪಾನಿನಲ್ಲಿ ದೇಶಗಳೆಲ್ಲ ಸೇರಿ, 2020ರೊಳಗೆ ಸಮುದ್ರದ ಶೇ 10ರಷ್ಟನ್ನು ಕಾಪಾಡ್ತೀವಿ ಅಂತ ಮಾತು ಕೊಟ್ಟವು. 2020 ಬಂತು. ಎಲ್ಲ ಸೇರಿಸಿ ಕೂಡಿದರೂ ಅದು 8ರ ಆಸುಪಾಸಿನಲ್ಲೇ ಇತ್ತು. ನಾನು ಶಾಲೆಯಲ್ಲಿದ್ದಾಗ ಹೋಂವರ್ಕ್ ಮುಗಿಸದಿದ್ದರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದರು. ದೊಡ್ಡವರ ಲೋಕದಲ್ಲಿ ಶಿಕ್ಷೆ ಬೇರೆ ತರಹ. 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಮತ್ತೆ ಸೇರಿ, ಹತ್ತು ಆಗಲಿಲ್ಲ ಅಲ್ವಾ, ಸರಿ, 2030ರೊಳಗೆ ಮೂವತ್ತು ಮಾಡೋಣ ಅಂದರು. ಚಪ್ಪಾಳೆ ಬಿತ್ತು. ಹತ್ತಕ್ಕೆ ಫೇಲಾದ ಹುಡುಗನಿಗೆ ಮೂವತ್ತರ ಪ್ರಶ್ನೆಪತ್ರಿಕೆ ಕೊಟ್ಟು, ಅಡ್ವಾನ್ಸಾಗಿ ಅಭಿನಂದನೆ ಹೇಳಿದ ಹಾಗಾಯ್ತು.

ಆ ಎಂಟರಲ್ಲೂ ಒಂದು ಮರ್ಮ ಇದೆ. ನಿಜವಾಗಿ ಬಿಗಿ ರಕ್ಷಣೆ ಇರುವ ಸಮುದ್ರ ಶೇ 3ರ ಹತ್ತಿರ ಅಷ್ಟೇ ಅಂತ ಇದನ್ನೇ ಲೆಕ್ಕ ಹಾಕುತ್ತಾ ಕೂತವರು ಹೇಳ್ತಾರೆ. ಉಳಿದದ್ದು ನಕ್ಷೆಯ ಮೇಲಿನ ಬಣ್ಣ. ಬೇಗ ಬಣ್ಣ ತುಂಬೋಕೆ ಸುಲಭದ ದಾರಿಯೂ ಇದೆ. ದಡದಿಂದ ಸಾವಿರಾರು ಕಿಲೋಮೀಟರ್ ಆಚೆ, ಬೋಟುಗಳು ಹೆಚ್ಚು ಹೋಗದ ಕಡೆ ಒಂದು ದೊಡ್ಡ ಚೌಕ ಬರೆದು ರಕ್ಷಿಸಿದೆವು ಅನ್ನೋದು. ಜನರೇ ಓಡಾಡದ ರಸ್ತೆಗೆ ಸಿಗ್ನಲ್ ಲೈಟ್ ಹಾಕಿ, ಇಲ್ಲಿ ಈ ವರ್ಷ ಒಂದೂ ಅಪಘಾತ ಆಗಿಲ್ಲ ಅಂತ ಬೀಗಿದ ಹಾಗೆ.

ಇನ್ನು ಸಂಶೋಧಕರ ಪಾಡು ನೋಡಿ. ಅವರಿಗೆ ಉತ್ತರ ಗೊತ್ತಿಲ್ಲ ಅಂತೇನಿಲ್ಲ. 2014ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಗುಂಪು, ಪ್ರಪಂಚದ 87 ಸಂರಕ್ಷಿತ ಪ್ರದೇಶಗಳಲ್ಲಿ ನೀರಿಗಿಳಿದು ಮೀನು ಎಣಿಸಿ, ಯಾವುದು ಕೆಲಸ ಮಾಡುತ್ತೆ ಅಂತ ಬಿಡಿಸಿ ಹೇಳಿತು. ಮೀನು ಹಿಡಿಯೋದು ಪೂರ್ತಿ ನಿಂತಿರಬೇಕು. ಕಾಯುವವರು ನಿಜವಾಗಿ ಕಾಯಬೇಕು. ಹತ್ತು ವರ್ಷ ದಾಟಿರಬೇಕು. ನೂರು ಚದರ ಕಿಲೋಮೀಟರಿಗಿಂತ ದೊಡ್ಡದಾಗಿರಬೇಕು. ಸುತ್ತ ಆಳದ ನೀರೋ ಮರಳೋ ಇದ್ದು ಬೇರೆಯಾಗಿ ನಿಂತಿರಬೇಕು. ಐದರಲ್ಲಿ ಒಂದೋ ಎರಡೋ ಮಾತ್ರ ಇದ್ದರೆ ಆ ಜಾಗಕ್ಕೂ, ಮೀನು ಹಿಡಿಯುವ ಮಾಮೂಲಿ ಜಾಗಕ್ಕೂ ವ್ಯತ್ಯಾಸವೇ ಕಾಣೋದಿಲ್ಲ. ನೋಡಿದ ಜಾಗಗಳಲ್ಲಿ ಎಷ್ಟು ಹೀಗಿದ್ದವು ಗೊತ್ತಾ? ಶೇ 59. (ಅಲ್ಲೂ 59, ಇಲ್ಲೂ 59. ಸಮುದ್ರದ ಲಕ್ಕಿ ನಂಬರ್ ಇರಬೇಕು.)

ಇಷ್ಟು ಬಿಡಿಸಿ ಹೇಳಿದ ಮೇಲೆ ಏನಾಗಬೇಕು? ಸಮಿತಿ ಆಗುತ್ತೆ. ಸಮಿತಿಯ ವರದಿಯ ಕೊನೆಯ ಪುಟಕ್ಕೆ ಹೋಗಿ ನೋಡಿ, 'ಈ ಬಗ್ಗೆ ಹೆಚ್ಚಿನ ಅಧ್ಯಯನ ಅಗತ್ಯ' ಅಂತ ಇರುತ್ತೆ. ಸಂಶೋಧಕ ಇದನ್ನು ಬರೆಯೋದು ಪ್ರಾಮಾಣಿಕತೆಯಿಂದ. ತನಗೆ ಗೊತ್ತಾಗದೆ ಉಳಿದದ್ದನ್ನು ಒಪ್ಪಿಕೊಳ್ಳೋದು ಅವನ ಕಸುಬು. ಅಧಿಕಾರದಲ್ಲಿ ಇರುವವರು ಇಡೀ ವರದಿಯಲ್ಲಿ ಆ ಒಂದು ಸಾಲನ್ನು ಮಾತ್ರ ಓದ್ತಾರೆ, ಅದೂ ಸಂತೋಷದಿಂದ. ಹೆಚ್ಚಿನ ಅಧ್ಯಯನ ಬೇಕು ಅಂದಮೇಲೆ ಅದು ಮುಗಿಯೋವರೆಗೆ ಮೀನು ಹಿಡಿಯಬಹುದಲ್ಲ!

ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಕಾಡ್ ಮೀನಿನ ಕಥೆ ಇದಕ್ಕೆಲ್ಲ ದೊಡ್ಡಪ್ಪ. ಶತಮಾನಗಳ ಕಾಲ ಊರಿಗೆ ಊರೇ ಬದುಕಿದ್ದು ಆ ಮೀನಿನ ಮೇಲೆ. ಆಮೇಲೆ ಹಡಗಿನಲ್ಲೇ ಮೀನು ಕೊಯ್ದು ಫ್ರೀಜ್ ಮಾಡುವ ದೈತ್ಯ ಟ್ರಾಲರುಗಳು ಬಂದವು. 1968ರ ಒಂದೇ ವರ್ಷದಲ್ಲಿ 8 ಲಕ್ಷ ಟನ್ ಎತ್ತಿದರು. 1980ರ ದಶಕದಲ್ಲಿ ದಡದ ಹತ್ತಿರ ಸಣ್ಣ ದೋಣಿಯಲ್ಲಿ ಮೀನು ಹಿಡಿಯುವವರು, ಸ್ವಾಮಿ ಮೀನು ಕಮ್ಮಿ ಆಗ್ತಿದೆ, ಸಿಗೋದೂ ಚಿಕ್ಕದು ಅಂತ ಹೇಳುತ್ತಲೇ ಬಂದರು. ಆದರೆ ಲೆಕ್ಕದ ಪುಸ್ತಕದಲ್ಲಿ ಮೀನು ಬೇಕಾದಷ್ಟಿತ್ತು. ಹೇಗೆ ಅಂತೀರಾ? ದೊಡ್ಡ ಟ್ರಾಲರುಗಳಿಗೆ ಬಲೆ ತುಂಬ ಮೀನು ಸಿಗುತ್ತಲೇ ಇತ್ತು. ಮೀನು ಕಡಿಮೆಯಾದಂತೆ ಉಳಿದವು ಒಂದೆರಡು ಕಡೆ ಗುಂಪುಗೂಡಿದವು. ಟ್ರಾಲರುಗಳು ಯಂತ್ರ ಇಟ್ಟು ಹುಡುಕಿ ನೇರ ಅಲ್ಲಿಗೇ ಹೋದವು. ಬಲೆ ತುಂಬಿತು, ಲೆಕ್ಕವೂ ತುಂಬಿತು. ಪಾತ್ರೆಯ ತಳ ಕೆರೆಯುವಾಗಲೂ ಸೌಟು ತುಂಬ ಬರುತ್ತಲ್ಲ, ಹಾಗೆ.

ಕೊನೆಗೆ 1992ರ ಜುಲೈ 2ರಂದು ಮೀನುಗಾರಿಕೆಯನ್ನೇ ನಿಲ್ಲಿಸಿದರು. ಸುಮಾರು 30 ಸಾವಿರ ಜನರಿಗೆ ರಾತ್ರೋರಾತ್ರಿ ಕೆಲಸ ಇಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು, ಸರಿ. ಆದರೆ ಎಷ್ಟು ದಿನಕ್ಕೆ ಹಾಕಿದರು ಅಂತ ಕೇಳಿ. ಎರಡು ವರ್ಷಕ್ಕೆ! ಎರಡು ವರ್ಷ ಬಿಟ್ಟರೆ ಮೀನು ತಾನಾಗೇ ತುಂಬಿಕೊಳ್ಳುತ್ತೆ ಅಂತ ಅಂದಾಜು. ಆ ಎರಡು ವರ್ಷ ಮುಗಿದಿದ್ದು 2024ರಲ್ಲಿ. ಬಾಗಿಲು ಹಾಕೋ ಮುಂಚೆ ಹಿಡೀತಿದ್ದದ್ದು ಲಕ್ಷ ಟನ್‌ಗಳ ಲೆಕ್ಕದಲ್ಲಿ, ಮತ್ತೆ ತೆರೆದಾಗ ಕೊಟ್ಟಿದ್ದು 18 ಸಾವಿರ ಟನ್ನಿನ ಕೋಟಾ.

ಅಷ್ಟೆಲ್ಲ ತಾಳ್ಮೆ ಯಾರಿಗಿದೆ ಅಂತ ಕೆಲವರು ಮೀನಿಗೆ ನೇರವಾಗಿ ಮನೆ ಕಟ್ಟಿಕೊಡೋಕೆ ಹೊರಟಿದ್ದೂ ಉಂಟು. 1972ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ, ಫೋರ್ಟ್ ಲಾಡರ್‌ಡೇಲ್ ಎದುರಿನ ಕಡಲಿಗೆ ಹಳೇ ಟೈರುಗಳನ್ನು ಸುರಿಯತೊಡಗಿದರು. ಒಂದೆರಡಲ್ಲ, ಇಪ್ಪತ್ತು ಲಕ್ಷದವರೆಗೆ ಅಂತ ಅಂದಾಜು. ಟೈರುಗಳನ್ನು ಕಟ್ಟು ಕಟ್ಟಿ ಇಳಿಸಿದರೆ ಅದರ ಮೇಲೆ ಹವಳ ಬೆಳೆಯುತ್ತೆ, ಮೀನು ಬರುತ್ತೆ, ಊರಿನ ಕಸವೂ ಖಾಲಿ. ಎಂಥ ಯೋಜನೆ! ಕಸ ಎಸೆಯೋದನ್ನೇ ಪರಿಸರ ರಕ್ಷಣೆ ಅಂತ ಕರೆದ ತಲೆಗೆ ಏನಾದರೂ ಪ್ರಶಸ್ತಿ ಕೊಡಲೇಬೇಕಿತ್ತು. ಸಮಾರಂಭ ಹೇಗಿತ್ತು ಅಂದರೆ, ಒಂದು ಟೈರ್ ಕಂಪನಿಯ ಗಾಳಿಹಡಗು ಆಕಾಶದಲ್ಲಿ ತೇಲಿ ಬಂದು, ಚಿನ್ನದ ಬಣ್ಣ ಬಳಿದ ಒಂದು ಟೈರನ್ನು ಮೇಲಿಂದ ಸಮುದ್ರಕ್ಕೆ ಬಿಟ್ಟಿತು. ಚಿನ್ನದ ಬಣ್ಣ! ಕೆಳಗೆ ಮೀನುಗಳು ಅದನ್ನು ನೋಡಿ ಏನಂದುಕೊಂಡವೋ.

ಹವಳ ಹೆಚ್ಚೇನೂ ಬೆಳೆಯಲಿಲ್ಲ. ಕಟ್ಟಿದ ಪಟ್ಟಿಗಳು ಕಿತ್ತುಹೋದವು, ಕೊಂಡಿಗಳು ತುಕ್ಕು ತಿಂದವು. ಬಿಡಿಯಾದ ಟೈರುಗಳು ಬಿರುಗಾಳಿ ಬಂದಾಗೆಲ್ಲ ತಳದಲ್ಲಿ ಉರುಳಾಡಿ, ಪಕ್ಕದಲ್ಲಿ ಇದ್ದ ನಿಜವಾದ ಹವಳದ ದಿಬ್ಬಕ್ಕೆ ಗುದ್ದಿ ಅದನ್ನೂ ಪುಡಿ ಮಾಡಿದವು. 2007ರಲ್ಲಿ ಸೇನೆಯ ಮುಳುಗುಗಾರರು ಇಳಿದು ಅವನ್ನು ಎತ್ತತೊಡಗಿದರು. ಇಳಿಸುವಾಗ ಬಾರ್ಜುಗಟ್ಟಲೆ, ಎತ್ತುವಾಗ ಒಂದೊಂದೇ.

ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಡೋ ಕಾರ್ಯಕ್ರಮ ಇದರ ಚಿಕ್ಕ ತಮ್ಮ. 2004ರ ಸುನಾಮಿ ಆದಮೇಲೆ ಶ್ರೀಲಂಕಾದ ದಡದಲ್ಲಿ ಒಳ್ಳೆಯ ಮನಸ್ಸಿನಿಂದಲೇ ತುಂಬ ಕಡೆ ಕಾಂಡ್ಲಾ ನೆಟ್ಟರು. ಆಮೇಲೆ ಸಂಶೋಧಕರು 23 ಜಾಗ ಹುಡುಕಿಕೊಂಡು ಹೋಗಿ ನೋಡಿದಾಗ 9 ಕಡೆ ಒಂದೇ ಒಂದು ಗಿಡ ಉಳಿದಿರಲಿಲ್ಲ. ಕಾಂಡ್ಲಾ ಉಪ್ಪು ನೀರಲ್ಲಿ ಬೆಳೆಯುತ್ತೆ ನಿಜ. ಆದರೆ ದಿನವಿಡೀ ಮುಳುಗಿದ್ದರೆ ಅದೂ ಸಾಯುತ್ತೆ. ಇಳಿತದಲ್ಲಿ ಬೇರಿಗೆ ಗಾಳಿ ಸಿಗುವ ಎತ್ತರದಲ್ಲೇ ನೆಡಬೇಕು. ಇದೇನು ಗುಟ್ಟಲ್ಲ. ಆದರೆ ಆ ಎತ್ತರದ ಜಾಗಕ್ಕೆ ಯಾರಾದರೂ ಮಾಲೀಕರು ಇರ್ತಾರೆ, ತಕರಾರು ಇರುತ್ತೆ. ಕೆಳಗಿನ ಕೆಸರು ಯಾರದ್ದೂ ಅಲ್ಲ, ಬ್ಯಾನರ್ ಹಿಡಿದು ಸಾಲಾಗಿ ನಿಲ್ಲೋಕೂ ಅನುಕೂಲ. ಗಿಡ ನೆಟ್ಟ ಸಂಖ್ಯೆಯನ್ನು ಅದೇ ಸಂಜೆ ಹೇಳ್ತಾರೆ. ಬದುಕಿದ ಸಂಖ್ಯೆ ಕೇಳಬೇಕಾದರೆ ಐದು ವರ್ಷ ಕಾಯಬೇಕು, ಅಷ್ಟೊತ್ತಿಗೆ ಬ್ಯಾನರಿನಲ್ಲಿ ಇದ್ದವರಿಗೆ ವರ್ಗ ಆಗಿರುತ್ತೆ.

ದುಡ್ಡಿನ ವಿಷಯ ಬೇಡ ಅಂದುಕೊಂಡಿದ್ದೆ, ತಡೆಯೋಕೆ ಆಗ್ತಿಲ್ಲ. 2018ರಲ್ಲಿ ಪ್ರಪಂಚದ ಸರ್ಕಾರಗಳು ಮೀನುಗಾರಿಕೆಗೆ ಕೊಟ್ಟ ಸಬ್ಸಿಡಿ ಸುಮಾರು 3,500 ಕೋಟಿ ಡಾಲರ್ ಅಂತ ಒಂದು ಅಂದಾಜು. ಅದರಲ್ಲಿ 2,200 ಕೋಟಿ ಹೋಗಿದ್ದು ಡೀಸೆಲ್, ದೊಡ್ಡ ಬೋಟು, ಹೊಸ ಎಂಜಿನ್ ಅಂತ ಇನ್ನೂ ಜಾಸ್ತಿ ಮೀನು ಹಿಡಿಯುವ ಶಕ್ತಿ ಬೆಳೆಸೋಕೆ. ಒಂದು ಇಲಾಖೆ ಮೀನು ಯಾಕೆ ಕಡಿಮೆ ಆಯ್ತು ಅಂತ ಸಂಶೋಧನೆಗೆ ದುಡ್ಡು ಕೊಡುತ್ತೆ, ಪಕ್ಕದ ಇಲಾಖೆ ಕಡಿಮೆ ಮಾಡೋಕೆ ದುಡ್ಡು ಕೊಡುತ್ತೆ. ಎತ್ತು ಏರಿಗೆ, ಕೋಣ ನೀರಿಗೆ. ಇದನ್ನು ಸರಿ ಮಾಡೋಣ ಅಂತ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ 2001ರಲ್ಲಿ ಮಾತು ಶುರು ಮಾಡಿದರು. 2022ರಲ್ಲಿ ಒಪ್ಪಂದ ಆಯ್ತು. ಅದರಲ್ಲಿ ಒಂದು ಮುಖ್ಯ ಅಂಶ, ಅಕ್ರಮವಾಗಿ ಮೀನು ಹಿಡಿಯುವವರಿಗೆ ಸರ್ಕಾರ ಸಬ್ಸಿಡಿ ಕೊಡಬಾರದು. ಮತ್ತೊಂದು ಸಲ ಓದಿ. ಕಳ್ಳನಿಗೆ ಡೀಸೆಲ್ ಹಾಕಿಸಬಾರದು ಅಂತ ಒಪ್ಪೋಕೆ 21 ವರ್ಷ ಬೇಕಾಯ್ತು. ಅಗತ್ಯಕ್ಕಿಂತ ಹೆಚ್ಚು ಬೋಟು ಕಟ್ಟಿಸುವ ಸಬ್ಸಿಡಿಯ ಮಾತನ್ನು ಮುಂದಕ್ಕೆ ಹಾಕಿದರು.

ಎಲ್ಲ ಕಡೆ ಹೀಗೇ ಅಂತ ಹೇಳಿದರೆ ಸುಳ್ಳಾಗುತ್ತೆ. ಮೆಕ್ಸಿಕೋದ ಕಾಬೋ ಪುಲ್ಮೋ ಅನ್ನೋ ಚಿಕ್ಕ ಊರಿನ ಜನ ತಮ್ಮ ಕಡಲಲ್ಲಿ ಮೀನು ಹಿಡಿಯೋದು ನಿಲ್ಲಿಸೋಣ ಅಂತ ಮುಂದಾದರು. 1995ರಲ್ಲಿ ಅದು ರಾಷ್ಟ್ರೀಯ ಉದ್ಯಾನ ಆಯ್ತು. ಊರಿನವರೇ ಕಾದರು. 1999ರಿಂದ 2009ರೊಳಗೆ ಅಲ್ಲಿನ ಮೀನಿನ ಒಟ್ಟು ತೂಕ ಶೇ 463ರಷ್ಟು ಏರಿತು. ಹಿಡಿಯಲಿಲ್ಲ, ಬೆಳೆಯಿತು. ಇದರಲ್ಲಿ ಚಿನ್ನದ ಟೈರ್ ಇಲ್ಲ, ಹಾಗಾಗಿ ಉದ್ಘಾಟನೆಗೆ ಅಷ್ಟು ಚೆನ್ನಾಗಿ ಕಾಣೋದಿಲ್ಲ.

ಉದ್ಘಾಟನೆ ಅಂದ ಕೂಡಲೇ ಇನ್ನೊಂದು ಸಂಶೋಧನೆ ನೆನಪಾಗುತ್ತೆ, ನನಗಂತೂ ತುಂಬ ಇಷ್ಟವಾದದ್ದು. ಫ್ಲೋರಿಡಾದ ಕೀ ವೆಸ್ಟ್‌ನಲ್ಲಿ ಮೋಜಿಗೆ ಮೀನು ಹಿಡಿಯೋಕೆ ಬಂದವರು, ದಿನದ ಕೊನೆಗೆ ಹಿಡಿದ ಮೀನನ್ನು ಹಲಗೆಗೆ ನೇತುಹಾಕಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳೋ ರೂಢಿ. ಒಬ್ಬ ಸಂಶೋಧಕಿ 1956ರಿಂದ 2007ರವರೆಗಿನ ಆ ಫೋಟೋಗಳನ್ನು ಗುಡ್ಡೆ ಹಾಕಿಕೊಂಡು ಮೀನುಗಳನ್ನು ಅಳೆದರು. ಶುರುವಿನಲ್ಲಿ ಸರಾಸರಿ ಮೀನು ಸುಮಾರು 20 ಕಿಲೋ. ಮನುಷ್ಯನಿಗಿಂತ ದೊಡ್ಡ ಮೀನುಗಳೂ ನೇತಾಡ್ತಿವೆ. ಕೊನೆಗೆ ಬಂದಾಗ 2.3 ಕಿಲೋ, ಕೈಯಲ್ಲಿ ಎತ್ತಿ ಹಿಡಿಯಬಹುದಾದಷ್ಟು. ಆದರೆ ಫೋಟೋದಲ್ಲಿನ ನಗು ಮಾತ್ರ ಒಂದಿಂಚೂ ಚಿಕ್ಕದಾಗಿಲ್ಲ. 2007ರಲ್ಲಿ ಬಂದವನಿಗೆ 1956ರ ಹಲಗೆ ಹೇಗಿತ್ತು ಅಂತ ಗೊತ್ತೇ ಇಲ್ಲವಲ್ಲ. ಅವನ ಪಾಲಿಗೆ ಅದೇ ದೊಡ್ಡ ಮೀನು.

ಇನ್ನು ಸಾಗರ ಸಮ್ಮೇಳನಗಳ ಗುಂಪು ಫೋಟೋ ನೋಡಿ. 2017ರಲ್ಲಿ ನ್ಯೂಯಾರ್ಕ್, 2022ರಲ್ಲಿ ಲಿಸ್ಬನ್, 2025ರಲ್ಲಿ ನೀಸ್. ನಗು ಅದೇ. 2030ಕ್ಕೆ ಶೇ 30ರ ಲೆಕ್ಕ ಒಪ್ಪಿಸುವ ಸಭೆ ಎಲ್ಲಿ ನಡೆಯುತ್ತೋ ನೋಡಬೇಕು, ದಡದ ಊರಲ್ಲೇ ಇಡ್ತಾರೆ ಅಂತ ನನ್ನ ಅಂದಾಜು. ಫೋಟೋದವನು ಸ್ಟೂಲ್ ಹತ್ತಿ, ಒಂದು ಕಣ್ಣು ಮುಚ್ಚಿ, ಸಾಲಿನ ಮಧ್ಯೆ ಇರುವವರಿಗೆ ಕೈ ಬೀಸಿ ಹೇಳ್ತಾನೆ: "ಸ್ವಲ್ಪ ಆ ಕಡೆ ಸರೀರಿ ಸಾರ್, ಸಮುದ್ರ ಕಾಣ್ತಿಲ್ಲ."