ಹಾಡಿಗೆ ಎರಡೂವರೆ ನಿಮಿಷ, ಸ್ಮರಣೆಗೆ ಎರಡೂವರೆ ಗಂಟೆ

ನಮ್ಮ ಬಳ್ಳಾರಿ ಕಡೆ ದೊಡ್ಡ ಸಂಗೀತಗಾರ ಅನ್ನಿಸಿಕೊಳ್ಳಬೇಕಾದರೆ ಎರಡು ಅರ್ಹತೆ ಬೇಕು. ಹುಟ್ಟಿ ನೂರು ವರ್ಷ ಆಗಿರಬೇಕು. ಸತ್ತು ಹತ್ತಾದರೂ ಆಗಿರಬೇಕು. ಬದುಕಿರುವವರದ್ದು ಬಹಳ ಕಿರಿಕಿರಿ. ಸಂಭಾವನೆ ಎಷ್ಟು ಅಂತ ಕೇಳುತ್ತಾರೆ, ಮಾನಿಟರ್ ಕೇಳಿಸ್ತಿಲ್ಲ ಅನ್ನುತ್ತಾರೆ, ಅಧ್ಯಕ್ಷರ ಭಾಷಣದ ನಡುವೆ ಗಡಿಯಾರ ನೋಡುತ್ತಾರೆ. ತೀರಿಕೊಂಡವರು ಹಾಗಲ್ಲ. ಫೋಟೋ ಇಟ್ಟು ಹಾರ ಹಾಕಿದರೆ ಎಷ್ಟು ಹೊತ್ತಾದರೂ ಸುಮ್ನೆ ಕೂತಿರುತ್ತಾರೆ.

ನೂರು ಅಂದರೆ ನೂರೇ. ತೊಂಬತ್ತೊಂಬತ್ತಕ್ಕೆ ಯಾರೂ ತಿರುಗಿ ನೋಡುವುದಿಲ್ಲ. ನೂರಾ ಒಂದಾದರೆ ‘ಹೋದ ವರ್ಷ ಮಾಡಿದೆವಲ್ಲ’ ಅಂತ ಫೈಲು ಮುಚ್ಚುತ್ತಾರೆ. ಭೀಮಸೇನ ಜೋಶಿಯವರಿಗೆ 2022ರಲ್ಲಿ ನೂರು ತುಂಬಿತು, ಕುಮಾರ ಗಂಧರ್ವರಿಗೆ 2024ರಲ್ಲಿ. ಅದಾದ ಮರುವರ್ಷಕ್ಕೆ ಇಬ್ಬರ ದನಿಯಲ್ಲೂ ಏನೂ ಕೆಟ್ಟಿರಲಿಲ್ಲ, ಆದರೆ ಅಂಕಿ ಕೆಟ್ಟಿತ್ತು. ಮಲ್ಲಿಕಾರ್ಜುನ ಮನ್ಸೂರರದ್ದು ಇನ್ನೊಂದು ಕಷ್ಟ. ಹುಟ್ಟಿದ್ದು 1910ರ ಡಿಸೆಂಬರ್ 31. ಆ ಸಂಜೆ ಊರಿನ ಶಾಮಿಯಾನ, ಮೈಕ್‌ಸೆಟ್ಟು ಎಲ್ಲ ಹೊಸ ವರ್ಷದ ಡಿಜೆಗೆ ಬುಕ್ ಆಗಿರುತ್ತವೆ. ಒಂದು ದಿನ ತಡೆದು ಹುಟ್ಟಿದ್ದರೆ ಸಂಘಟಕರಿಗೆ ಎಷ್ಟು ಅನುಕೂಲ ಆಗುತ್ತಿತ್ತು!

ಈ ವಿಷಯದಲ್ಲಿ ದಾಸರು ಜಾಣರು. ಪುರಂದರದಾಸರ ಆರಾಧನೆ ಪುಷ್ಯ ಬಹುಳ ಅಮಾವಾಸ್ಯೆ. ತಾರೀಕು ವರ್ಷವರ್ಷ ಅತ್ತಿತ್ತ ಸರಿದರೂ ಮಾರ್ಚ್ 31 ದಾಟುವುದಿಲ್ಲ. ಅನುದಾನ ವಾಪಸ್ ಹೋಗುವ ಭಯವಿಲ್ಲ. ತೊಂದರೆ ಬಂದದ್ದು ಬೇರೆ ಕಡೆಯಿಂದ. 1564ರಲ್ಲಿ ದಾಸರು ಹಂಪಿಯಲ್ಲಿ ಕಣ್ಣು ಮುಚ್ಚಿದಾಗ ಜಿಲ್ಲಾಡಳಿತ ಅನ್ನುವುದೇ ಇರಲಿಲ್ಲ. ಆಮೇಲೆ ಬಹುಕಾಲ ನಮ್ಮ ಜಿಲ್ಲೆಯಲ್ಲೇ ಇದ್ದರು. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು ನೋಡಿ, ಹೊಳೆ ದಂಡೆಯ ಪುರಂದರ ಮಂಟಪ ಸಮೇತ ಆ ಕಡೆ ವರ್ಗವಾದರು. ಸತ್ತು ನಾಲ್ಕೂವರೆ ಶತಮಾನ ಆದಮೇಲೂ ವರ್ಗಾವಣೆ ತಪ್ಪಲಿಲ್ಲ. ನಮ್ಮ ಭಾಷಣಕಾರರು ಈಗಲೂ ‘ನಮ್ಮ ಜಿಲ್ಲೆಯ ಹೆಮ್ಮೆಯ ಪುರಂದರದಾಸರು’ ಅಂತ ಶುರು ಮಾಡಿ, ನಾಲಿಗೆ ಕಚ್ಚಿಕೊಂಡು, ‘ಅವಿಭಜಿತ ಜಿಲ್ಲೆಯ’ ಅಂತ ತಿದ್ದಿಕೊಳ್ಳುತ್ತಾರೆ. ರಾಯಚೂರಿನವರಿಗೆ ಈ ಚಿಂತೆ ಇಲ್ಲ. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಮೂವರೂ ಸದ್ಯಕ್ಕೆ ಅಲ್ಲೇ ಇದ್ದಾರೆ. 1997ರಲ್ಲಿ ಕೊಪ್ಪಳ ಬೇರೆ ಆದಾಗಲೂ ಅವರನ್ನು ಯಾರೂ ಕದಲಿಸಲಿಲ್ಲ.

ಪುರಂದರದಾಸರು 4,75,000 ಕೀರ್ತನೆ ರಚಿಸಿದರು ಅನ್ನುವ ಅಂಕಿಯನ್ನು ಪ್ರತಿಯೊಬ್ಬ ಭಾಷಣಕಾರರೂ ಹೇಳುತ್ತಾರೆ. ಕಾಲ ಕಳೆದು ನಮ್ಮ ಕೈಗೆ ಸಿಕ್ಕಿರುವುದು ಅದರಲ್ಲಿ ಬಹಳ ಸಣ್ಣ ಪಾಲು. ಆರಾಧನೆಯ ವೇದಿಕೆ ಮೇಲೆ ಸಿಗುವುದು ಒಂದು. ಅದೂ ಲಕ್ಷ್ಮಿಯನ್ನು ಬಾ ಬಾ ಅಂತ ಕರೆಯುವ ಹಾಡು. ಅದು ಶುರುವಾದಾಗ ಖಜಾಂಚಿಯೂ ನೆಟ್ಟಗೆ ಕೂರುತ್ತಾರೆ.

ಇನ್ನು ಫ್ಲೆಕ್ಸ್. ಜನ್ಮಶತಮಾನೋತ್ಸವ ಅನ್ನುವ ಅಕ್ಷರ ದೊಡ್ಡದು, ಶುಭ ಕೋರುವವರ ಮುಖ ಅದಕ್ಕಿಂತ ದೊಡ್ಡದು, ಸಂಗೀತಗಾರ ಮೂಲೆಯಲ್ಲಿ ಅಂಚೆ ಚೀಟಿಯಷ್ಟು. ಆ ಮೂಲೆಯಲ್ಲೂ ಒಮ್ಮೊಮ್ಮೆ ಒಬ್ಬ ಗವಾಯಿಗಳ ಜಯಂತಿಗೆ ಇನ್ನೊಬ್ಬ ಗವಾಯಿಗಳು ಬಂದು ನಿಂತಿರುತ್ತಾರೆ. ಪ್ರಿಂಟ್ ಮಾಡುವ ಹುಡುಗ ನೆಟ್‌ನಲ್ಲಿ ಹುಡುಕಿದಾಗ ಮೊದಲು ಸಿಕ್ಕವರು ಅವರು, ಪಾಪ ಅವನದೇನು ತಪ್ಪು? ಜಗನ್ನಾಥದಾಸರು ತೀರಿಕೊಂಡ 1809ರಲ್ಲೇ ವಿಯೆನ್ನಾದಲ್ಲಿ ಹೈಡನ್ ಅನ್ನುವ ದೊಡ್ಡ ಸಂಗೀತಗಾರ ತೀರಿಕೊಂಡ. ಹೂಳಿದ ಕೆಲವೇ ದಿನಕ್ಕೆ ಅವನ ತಲೆಬುರುಡೆಯನ್ನು ಯಾರೋ ಕದ್ದರು, ಪ್ರತಿಭೆ ತಲೆಯ ಯಾವ ಉಬ್ಬಿನಲ್ಲಿದೆ ಅಂತ ನೋಡೋಕೆ! ಮೈ ಒಂದು ಕಡೆ, ತಲೆ ಒಂದು ಕಡೆ ಇದ್ದು ಕೊನೆಗೆ ಎರಡೂ ಸೇರಿದ್ದು 1954ರಲ್ಲಿ. ಒಬ್ಬರ ಹೆಸರಿನ ಮೇಲೆ ಇನ್ನೊಬ್ಬರ ತಲೆ ಕೂರಿಸುವ ಕೆಲಸವನ್ನು ನಮ್ಮೂರಿನ ಫ್ಲೆಕ್ಸ್ ಅಂಗಡಿ ಅರ್ಧ ಗಂಟೆಯಲ್ಲಿ ಮುಗಿಸುತ್ತದೆ.

ಕಾರ್ಯಕ್ರಮ ಸಂಜೆ 5.30ಕ್ಕೆ ಅಂತ ಕಾರ್ಡಿನಲ್ಲಿರುತ್ತದೆ. ಏಳಕ್ಕೆ ನಾಡಗೀತೆ. ಇಲ್ಲಿ ಮಾತ್ರ ಕಟ್ಟುನಿಟ್ಟು. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ, ಆಲಾಪ ಇಲ್ಲದೆ, ಸಾಲು ತಿರುಗಿಸಿ ಹಾಡದೆ ಮುಗಿಸಬೇಕು ಅಂತ 2022ರ ಸೆಪ್ಟೆಂಬರಿನಲ್ಲಿ ಸರ್ಕಾರದ ಆದೇಶವೇ ಆಗಿದೆ. ಒಳ್ಳೆ ಆದೇಶ. ವಯಸ್ಸಾದವರು ಎಷ್ಟು ಹೊತ್ತು ನಿಂತಿರಬೇಕು, ಅಲ್ವಾ? ಆದರೆ ಹಾಡಿಗೆ ಸೆಕೆಂಡಿನ ಲೆಕ್ಕ ಇಟ್ಟ ಸರ್ಕಾರ ಭಾಷಣದ ಬಗ್ಗೆ ತುಟಿ ಬಿಚ್ಚಿಲ್ಲ. ಹಾಗಾಗಿ ನಾಡಗೀತೆ ಮುಗಿದು ಎಲ್ಲರೂ ಕೂತ ಮೇಲೆ ಶುರುವಾಗುವುದು ಬರೀ ಆಲಾಪ, ಬರೀ ಪುನರಾವರ್ತನೆ.

ಮೊದಲು ಸ್ವಾಗತ. ಅದರಲ್ಲಿ ಒಂದು ಹೆಸರು ಬಿಟ್ಟುಹೋಗಿ ಮತ್ತೆ ಸ್ವಾಗತ. ಆಮೇಲೆ ದೀಪ. ಸಭಾಂಗಣದ ಫ್ಯಾನಿಗೂ ಆ ದೀಪಕ್ಕೂ ಹಳೇ ದ್ವೇಷ. ಫ್ಯಾನ್ ಆರಿಸಿ, ಬೆವರು ಸುರಿಸಿ, ಐದು ಬತ್ತಿಗೆ ಒಂಬತ್ತು ಜನ ಮುತ್ತಿಕೊಂಡು, ಫೋಟೋಗ್ರಾಫರ್ ‘ಈ ಕಡೆ ಸಾರ್’ ಅಂದಾಗ ಎಲ್ಲರೂ ದೀಪ ಬಿಟ್ಟು ಕ್ಯಾಮೆರಾ ನೋಡುತ್ತಾರೆ. ನಂತರ ಮೊದಲ ಭಾಷಣ. ‘ನನಗೆ ಸಂಗೀತದ ಗಂಧಗಾಳಿ ಇಲ್ಲ’ ಅಂತಲೇ ಶುರು. ಅಷ್ಟಕ್ಕೇ ಮುಗಿಸಿದ್ದರೆ ಅದಕ್ಕಿಂತ ಪ್ರಾಮಾಣಿಕ ಭಾಷಣ ಇರುತ್ತಿರಲಿಲ್ಲ. ಗಂಧಗಾಳಿ ಇಲ್ಲದ ವಿಷಯದ ಮೇಲೆ ನಲವತ್ತು ನಿಮಿಷ ಗಾಳಿ ಬೀಸುತ್ತದೆ. ಸಂಗೀತ ಕೇಳಿದರೆ ಆಕಳು ಜಾಸ್ತಿ ಹಾಲು ಕೊಡುತ್ತದೆ ಅನ್ನುವ ಮಾತು ಬಂದೇ ಬರುತ್ತದೆ. ಎರಡನೇ ಭಾಷಣಕಾರರೂ ಅದೇ ಆಕಳನ್ನು ಹಿಡಿದುಕೊಂಡು ಬರುತ್ತಾರೆ. ಮೂರನೆಯವರು ಮಳೆ ತರಿಸುತ್ತಾರೆ. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಮಳೆ ಮಾತಿಗೆ ಚಪ್ಪಾಳೆ ಬೀಳುತ್ತದೆ ಬಿಡಿ, ಅದು ಸಹಜ.

ಈ ಹೊತ್ತಿಗೆ ಪರದೆಯ ಪಕ್ಕದಲ್ಲಿ ಏನಾಗುತ್ತಿರುತ್ತದೆ ಅಂತ ಮುಂದಿನ ಸಾಲಿನವರಿಗೆ ಕಾಣುವುದಿಲ್ಲ. ತಬಲಾದವರು ಐದಕ್ಕೇ ಬಂದು ಶ್ರುತಿ ಮಾಡಿಟ್ಟಿರುತ್ತಾರೆ. ನಮ್ಮ ಒಣಬಿಸಿಲಿಗೆ ತೊಗಲು ಬಿಗಿದು ಶ್ರುತಿ ಏರುತ್ತದೆ. ಇಳಿಸುತ್ತಾರೆ. ಅಷ್ಟರಲ್ಲಿ ಗಣ್ಯರಿಗೆ ಸೆಕೆ ಅಂತ ನೀರಿನ ಕೂಲರ್ ತಂದು ಹಚ್ಚುತ್ತಾರೆ. ತೇವದ ಗಾಳಿಗೆ ತೊಗಲು ಸಡಿಲಾಗಿ ಶ್ರುತಿ ಬೀಳುತ್ತದೆ. ಪಟ್ಟಿ ಬಿಗಿಯುವ ಮರದ ತುಂಡು, ಅಂದರೆ ಗಟ್ಟ ಸರಿಸಿ, ಸುತ್ತಿಗೆಯಿಂದ ಅಂಚಿಗೆ ಟಕ್ ಟಕ್ ಅಂತ ಎರಡು ಕೊಡುತ್ತಾರೆ, ಬೆರಳಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಾರೆ. ಮೈಕ್ ಹಿಡಿದವರು ತಿರುಗಿ ನೋಡಿ, ‘ದಯಮಾಡಿ ಶಿಸ್ತು ಕಾಪಾಡಬೇಕು’ ಅನ್ನುತ್ತಾರೆ. ಇಡೀ ಸಂಜೆಯಲ್ಲಿ ಶ್ರುತಿಯ ಬಗ್ಗೆ ಯೋಚಿಸಿದ ಒಬ್ಬನೇ ಮನುಷ್ಯ ಶಿಸ್ತಿಲ್ಲದವನಾಗುತ್ತಾನೆ.

ಇದು ನಮ್ಮ ಕಡೆಯ ರೋಗ ಅಂತ ತಲೆ ತಗ್ಗಿಸುವುದೇನೂ ಬೇಡ. ದೊಡ್ಡ ದೊಡ್ಡವರು ಇದನ್ನು ಅನುಭವಿಸಿದ್ದಾರೆ. ಜರ್ಮನಿಯ ಸಂಗೀತಗಾರ ಬೀಥೋವನ್ ಹುಟ್ಟಿ 75 ವರ್ಷ ಅಂತ 1845ರ ಆಗಸ್ಟಿನಲ್ಲಿ ಅವನ ಹುಟ್ಟೂರು ಬಾನ್‌ನಲ್ಲಿ ಪ್ರತಿಮೆ ನಿಲ್ಲಿಸಿದರು. ಚಂದಾ ಸಾಲದೆ ಬಂದಾಗ ಸಂಗೀತಗಾರ ಲಿಸ್ಟ್ ತನ್ನ ಕೈಯಿಂದ 10,000 ಫ್ರಾಂಕ್ ಕೊಟ್ಟಿದ್ದ, ಹಾಗಾಗಿ ಉತ್ಸವದ ಓಡಾಟವೂ ಅವನ ತಲೆಗೇ ಬಂತು. ಪ್ರಶ್ಯದ ರಾಜ ಬಂದ, ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಬಂದಳು. ಪ್ರೋಟೋಕಾಲ್ ಪ್ರಕಾರ ಒಳ್ಳೆ ಮಹಡಿಯ ಮೇಲೆ ಕೂರಿಸಿದರು. ಬಟ್ಟೆ ಸರಿಸಿದರು. ನೋಡಿದರೆ ಬೀಥೋವನ್ ರಾಜ ರಾಣಿಯರಿಗೆ ಬೆನ್ನು ಹಾಕಿ ನಿಂತಿದ್ದ! ಮರುದಿನದ ಕಛೇರಿಗೆ ರಾಜಪರಿವಾರ ತಡವಾಗಿ ಬಂತು. ಕಾದು ಕಾದು ಲಿಸ್ಟ್ ತನ್ನ ಹೊಸ ರಚನೆ ನುಡಿಸಿ ಮುಗಿಸಿದ್ದ. ಸಾಹೇಬರು ಬಂದ ಮೇಲೆ ಮೊದಲಿಂದ ಕೊನೆವರೆಗೂ ಪೂರ್ತಿ ಮತ್ತೆ ನಡೆಸಿದ. ಊಟದ ಹೊತ್ತಿಗೆ ಇನ್ನೂ ಚೆಂದ. ಬಂದ ದೇಶದವರನ್ನೆಲ್ಲ ನೆನೆಯುವಾಗ ಲಿಸ್ಟ್ ಫ್ರೆಂಚರ ಹೆಸರು ಬಿಟ್ಟ. ‘ನಮ್ಮನ್ನು ಮರೆತಿರಿ’ ಅಂತ ಒಬ್ಬ ಎದ್ದು ನಿಂತ, ಗಲಾಟೆಯೋ ಗಲಾಟೆ. ಸ್ವಾಗತ ಭಾಷಣದಲ್ಲಿ ಹೆಸರು ಬಿಟ್ಟರೆ ಏನಾಗುತ್ತದೆ ಅಂತ ನಮ್ಮ ತಾಲೂಕು ಮಟ್ಟದ ಯಾವ ಸಂಘಟಕರನ್ನು ಕೇಳಿದ್ದರೂ ಅವನಿಗೆ ಮೊದಲೇ ಹೇಳುತ್ತಿದ್ದರು.

ಇದೇ ಬೀಥೋವನ್‌ಗೆ 2020ರಲ್ಲಿ 250 ತುಂಬಿತು. ಆ ವರ್ಷ ಕೋವಿಡ್ ಬಂದು ಲೋಕವೇ ಬಾಗಿಲು ಹಾಕಿಕೊಂಡಿತು. ಜರ್ಮನಿಯವರು ಉತ್ಸವದ ಅವಧಿಯನ್ನು 2021ರ ಸೆಪ್ಟೆಂಬರ್ ತನಕ ವಿಸ್ತರಿಸಿದರು. ಕಾಮಗಾರಿಯ ಅವಧಿ ವಿಸ್ತರಣೆ ನಮ್ಮ ಸ್ವಂತ ಕಲೆ ಅಂದುಕೊಂಡಿದ್ದೆವು, ಅದೂ ಹೋಯಿತು.

ಅವರೇನೋ ತಮ್ಮವರನ್ನು ಮರೆಯುವುದಿಲ್ಲ. ನಾವು? 1550ರಲ್ಲಿ, ಅಳಿಯ ರಾಮರಾಯನ ಕಾಲದಲ್ಲಿ, ರಾಮಾಮಾತ್ಯ ಅನ್ನುವವನು ವಿಜಯನಗರದ ಆಶ್ರಯದಲ್ಲಿ ‘ಸ್ವರಮೇಳಕಲಾನಿಧಿ’ ಬರೆದ. ರಾಗಗಳನ್ನು ಮೇಳ ಅನ್ನುವ 20 ಗುಂಪುಗಳಲ್ಲಿ ಹೊಂದಿಸಿದ, ವೀಣೆಯ ಮೇಲೆ ಮೆಟ್ಟಿಲು ಎಲ್ಲೆಲ್ಲಿ ಕೂರಬೇಕು ಅಂತ ಬಿಡಿಸಿ ಹೇಳಿದ. ಇವತ್ತು ಕರ್ನಾಟಕ ಸಂಗೀತ ಕಲಿಯುವ ಮಕ್ಕಳು ಬಾಯಿಪಾಠ ಮಾಡುವ ಮೇಳಗಳ ಲೆಕ್ಕದ ಹಿಂದೆ ಅವನ ಕೆಲಸ ಇದೆ. 2025ಕ್ಕೆ ಆ ಗ್ರಂಥಕ್ಕೆ 475 ತುಂಬಿತು. ಒಂದು ಫ್ಲೆಕ್ಸ್ ಆದರೂ ನಮ್ಮ ಬೀದಿಯಲ್ಲಿ ಕಂಡಿತಾ? ಕಾರಣ ಸರಳ. ರಾಮಾಮಾತ್ಯನ ಫೋಟೋ ಇಲ್ಲ. ಫೋಟೋ ಇಲ್ಲದವನಿಗೆ ಹಾರ ಎಲ್ಲಿಗೆ ಹಾಕುವುದು? ಅವನ ಹೆಸರಲ್ಲಿ ವೋಟು ಕೇಳುವವರೂ ಇಲ್ಲ. 2050ಕ್ಕೆ ಐನೂರು ಆಗುತ್ತದೆ. ಅಷ್ಟರಲ್ಲಿ ಯಾರಾದರೂ ಅವನಿಗೊಂದು ಮುಖ ಬರೆದುಕೊಟ್ಟರೆ ಏನಾದರೂ ಆಗಬಹುದು.

ನನ್ನದೊಂದು ಬೇಡಿಕೆ ಇದೆ, ಹೊಸ ಆದೇಶವೂ ಬೇಕಿಲ್ಲ. 2022ರ ಆದೇಶದಲ್ಲಿ ‘ನಾಡಗೀತೆ’ ಇರುವಲ್ಲೆಲ್ಲ ‘ಭಾಷಣ’ ಅಂತ ಸೇರಿಸಿದರೆ ಸಾಕು. 2 ನಿಮಿಷ 30 ಸೆಕೆಂಡು. ಆಲಾಪ ಇಲ್ಲ, ಪುನರಾವರ್ತನೆ ಇಲ್ಲ. ಬೇಕಿದ್ದರೆ ಎಲ್ಲರೂ ಎದ್ದು ನಿಂತೇ ಕೇಳುತ್ತೇವೆ. ಅದು ಆಗಲ್ಲ ಅಂದರೆ ಇನ್ನೊಂದು ದಾರಿ. ಜರ್ಮನಿಯ ಹಾಲ್ಬರ್‌ಸ್ಟಾಟ್ ಊರಿನ ಚರ್ಚಿನಲ್ಲಿ ಜಾನ್ ಕೇಜ್ ಅನ್ನುವ ಸಂಗೀತಗಾರನ ಒಂದು ರಚನೆಯನ್ನು ಆರ್ಗನ್‌ನಲ್ಲಿ 2001ರಿಂದ ನುಡಿಸುತ್ತಿದ್ದಾರೆ. ಮುಗಿಯುವುದು 2640ರಲ್ಲಿ, ಒಟ್ಟು 639 ವರ್ಷ. ಮೊದಲ 17 ತಿಂಗಳು ಬರೀ ವಿರಾಮ, ಒಂದು ಸ್ವರವೂ ಇಲ್ಲ. ನಮ್ಮ ಗಣ್ಯರನ್ನೆಲ್ಲ ಆ 17 ತಿಂಗಳಿಗೆ ಅಲ್ಲಿಗೆ ಕಳಿಸಿದ್ದರೆ ಎಲ್ಲರ ಮಾತೂ ತೃಪ್ತಿಯಾಗಿ ಮುಗಿಯುತ್ತಿತ್ತು.

ಸ್ಮರಣೆಯ ಹೆಸರಲ್ಲಿ ಹಾಡುವವರನ್ನೇ ಬದಿಗೆ ಕೂರಿಸುವುದು ಹೊಸದಲ್ಲ. ತಿರುವೈಯಾರಿನಲ್ಲಿ ತ್ಯಾಗರಾಜರ ಆರಾಧನೆಯನ್ನು ಒಂದು ಕಾಲಕ್ಕೆ ಎರಡು ಪಂಗಡದವರು ಜಗಳವಾಡಿಕೊಂಡು ಬೇರೆ ಬೇರೆ ನಡೆಸುತ್ತಿದ್ದರು. ಹೆಂಗಸರು ಹಾಡಬಾರದು ಅನ್ನುವುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. ಅಲ್ಲಿನ ಸಮಾಧಿಗೆ ತನ್ನ ಸಂಪಾದನೆ ಸುರಿದು ಗುಡಿ ಕಟ್ಟಿಸಿದವರು ನಮ್ಮ ನಂಜನಗೂಡು ಕಡೆಯ ಹೆಂಗಸು, ಬೆಂಗಳೂರು ನಾಗರತ್ನಮ್ಮ. ತಾನು ಕಟ್ಟಿಸಿದ ಜಾಗದಲ್ಲಿ ತಾನೇ ಹಾಡಬಾರದು ಅಂದಾಗ ಆಕೆ ಮನವಿ ಪತ್ರ ಬರೆಯುತ್ತಾ ಕೂರಲಿಲ್ಲ. ಹೆಂಗಸರದ್ದೇ ಮೂರನೇ ಪಂಗಡ ಕಟ್ಟಿ ಹಾಡಿಸಿದರು. ನಮ್ಮಲ್ಲಿ ಹಾಡಬೇಡಿ ಅಂತ ಯಾರೂ ಹೇಳುವುದಿಲ್ಲ, ನಾವು ಸಭ್ಯರು. ‘ಸಮಯದ ಅಭಾವ’ ಅನ್ನುತ್ತೇವೆ.

ಆ ಅಭಾವ ಬರುವುದು ಒಂಬತ್ತೂವರೆಗೆ. ಮುಖ್ಯ ಅತಿಥಿಗಳು ಇನ್ನೊಂದು ಕಾರ್ಯಕ್ರಮಕ್ಕೆ ಹೊರಡುತ್ತಾರೆ, ಅವರ ಜೊತೆ ಅರ್ಧ ಸಭೆ ಹೊರಡುತ್ತದೆ. ಹೊರಗೆ ವಗ್ಗರಣಿ, ಮಿರ್ಚಿ ವಾಸನೆ ಎದ್ದು ಉಳಿದರ್ಧವೂ ಏಳುತ್ತದೆ. ಸಂಘಟಕರು ಗಾಯಕರ ಕಿವಿ ಹತ್ತಿರ ಬಗ್ಗಿ, ‘ಸಣ್ಣದೊಂದು ಹಾಡಿಬಿಡ್ರಿ, ರಾಗ ಎಳಿಬ್ಯಾಡ್ರಿ, ಸಭಾಂಗಣದವ ಕೀಲಿ ಹಾಕ್ಬೇಕಂತಾನ’ ಅನ್ನುತ್ತಾರೆ. ತಂಬೂರಿ ತರಲು ಗಾಡಿ ಖರ್ಚು ಕೊಟ್ಟಿಲ್ಲ, ಹಾಗಾಗಿ ಗಾಯಕರು ಮೊಬೈಲಿನ ತಂಬೂರಿ ಆಪ್ ಹಚ್ಚಿ ಮೈಕಿನ ಮುಂದೆ ಇಟ್ಟುಕೊಳ್ಳುತ್ತಾರೆ. ಷಡ್ಜ ಹಿಡಿಯುತ್ತಾರೆ. ದನಿ ನಿಧಾನ ಬಿಚ್ಚಿಕೊಳ್ಳುತ್ತದೆ. ನಿಷಾದದಿಂದ ಮೇಲಕ್ಕೆ ಹೋಗಬೇಕು ಅನ್ನುವಷ್ಟರಲ್ಲಿ ಶ್ರುತಿ ಕಟ್ಟಾಗಿ ಮೊಬೈಲು ರಿಂಗಾಗುತ್ತದೆ, ಸ್ಪೀಕರಿನಲ್ಲಿ ಇಡೀ ಸಭಾಂಗಣಕ್ಕೆ. ಫೋನ್ ಮಾಡಿದವರು ಸಂಘಟಕರೇ, ಬಾಗಿಲ ಹತ್ತಿರ ನಿಂತು. ‘ಮುಗಿಸ್ರಿ’ ಅಂತ ಹೇಳೋಕೆ.

ಪತ್ರಿಕಾ ಪ್ರಕಟಣೆ ಅಷ್ಟೊತ್ತಿಗೆ ಹೋಗಿಯಾಗಿರುತ್ತದೆ. ಅದನ್ನು ಮಧ್ಯಾಹ್ನವೇ ಬರೆದಿಟ್ಟಿರುತ್ತಾರೆ. ಮರುದಿನ ವರದಿಯಲ್ಲಿ ಅತಿಥಿಗಳು, ಅಧ್ಯಕ್ಷರು, ಮಾಜಿ ಅಧ್ಯಕ್ಷರು, ನಿರೂಪಿಸಿದವರು, ವಂದಿಸಿದವರು ಎಲ್ಲರ ಹೆಸರು ಸಾಲಾಗಿ ಬಂತು. ಅವಸರದಲ್ಲಿ ಯಾರೋ ಶತಮಾನೋತ್ಸವದ ಗವಾಯಿಗಳ ಹೆಸರನ್ನೂ ಅದೇ ಸಾಲಿನಲ್ಲಿ ಸೇರಿಸಿದ್ದರು, ವೇದಿಕೆ ಮೇಲೆ ಉಪಸ್ಥಿತರಿದ್ದರು ಅಂತ. ಹಾಡಿದವರು ‘ಮತ್ತಿತರರು’.