ಪ್ರಿಂಟ್ ಹಾಕಿದ ತಕ್ಷಣ ಬಗ್ ಮಾಯವಾದರೆ ಸರಿಹೋಯಿತು ಅಂತಲ್ಲ

ಇವತ್ತು ಮಧ್ಯಾಹ್ನ ನೋಡಿದ್ದು ಇದು. ಇನ್ನೂ ಸಿಟ್ಟು ಇಳಿದಿಲ್ಲ.

ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ತುಂಬಾ ಚುರುಕು. ಎಂಟು ಥ್ರೆಡ್‌ಗಳಲ್ಲಿ, ಅಂದರೆ ಒಟ್ಟೊಟ್ಟಿಗೆ ನಡೆಯುವ ಎಂಟು ಎಳೆಗಳಲ್ಲಿ, ಓಡುವ ಪ್ರೋಗ್ರಾಂ ಒಂದನ್ನು ಅವಳ ಕೈಗೆ ಕೊಟ್ಟಿದ್ದಾರೆ. ಆಗಾಗ ತಪ್ಪು ಮೊತ್ತ ಬರುತ್ತದೆ, ಯಾವಾಗ ಅಂತ ಹೇಳೋಕಾಗಲ್ಲ. ಏನಾಗುತ್ತಿದೆ ಅಂತ ನೋಡೋಕೆ ಲೂಪ್ ಒಳಗೆ ಒಂದು ಪ್ರಿಂಟ್‌ಎಫ್ (ಪರದೆಗೆ ಬರೆಯುವ ಸಾಲು) ಹಾಕಿದಳು. ತಪ್ಪು ನಿಂತುಹೋಯಿತು. ಹಿರಿಯರೊಬ್ಬರು "ಸರಿ ಆಯ್ತಲ್ಲ, ಆ ಸಾಲು ಹಾಗೇ ಇರಲಿ, ಮರ್ಜ್ ಮಾಡು" ಅಂದರು, ಅಂದರೆ ತಂಡದ ಕೋಡ್‌ಗೆ ಸೇರಿಸಿಬಿಡು ಅಂತ. ಸರಿ ಆಗಿಲ್ಲ ಅಂತ ಅವಳಿಗೆ ಗೊತ್ತಿತ್ತು, ಮುಖದಲ್ಲೇ ಕಾಣುತ್ತಿತ್ತು. ಆದರೆ ತೋರಿಸೋಕೆ ಅವಳ ಹತ್ತಿರ ಏನಿದೆ? ಲ್ಯಾಪ್‌ಟಾಪ್‌ನಲ್ಲಿ ಒಂದು ಎಡಿಟರ್, ಒಂದು ಕಂಪೈಲರ್. ಅಷ್ಟೇ.

ಬಗ್ ಯಾಕೆ ಮಾಯವಾಯಿತು ಅಂದರೆ, ಮೊತ್ತಕ್ಕೆ ಒಂದು ಕೂಡಿಸುವ ಸಾಲು ನೋಡೋಕೆ ಒಂದೇ, ಒಳಗೆ ಮೂರು ಕೆಲಸ. ಹಳೆ ಬೆಲೆ ಓದು, ಒಂದು ಕೂಡಿಸು, ವಾಪಸ್ ಬರೆ. ಎರಡು ಥ್ರೆಡ್‌ಗಳು ಒಟ್ಟಿಗೆ ಓದಿದರೆ ಒಂದರ ಲೆಕ್ಕ ಹೋದಂತೆಯೇ. ಪ್ರಿಂಟ್‌ಎಫ್ ಏನು ಮಾಡುತ್ತದೆ? ಬರೆಯುವಾಗ ತನ್ನದೇ ಬೀಗ ಹಾಕಿಕೊಳ್ಳುತ್ತದೆ. ಥ್ರೆಡ್‌ಗಳು ಅಲ್ಲಿ ಸಾಲಾಗಿ ನಿಲ್ಲುತ್ತವೆ, ಡಿಕ್ಕಿ ಹೊಡೆಯೋದು ಅಪರೂಪವಾಗುತ್ತದೆ. ಬಗ್ ಅಲ್ಲೇ ಇದೆ. ನಾಳೆ ಯಾರೋ ಲಾಗ್ ಜಾಸ್ತಿ ಆಯ್ತು ಅಂತ ಆ ಸಾಲು ತೆಗೆಯುತ್ತಾರೆ, ಮತ್ತೆ ಶುರು.

ಈ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ. ಮೊದಲ ಥ್ರೆಡ್ ಬರೆಯೋ ಮುಂಚೆ ಡೀಬಗ್ ಮಾಡುವ, ಅಂದರೆ ತಪ್ಪು ಹುಡುಕಿ ತೆಗೆಯುವ, ಜಾಗ ಸಿದ್ಧ ಇರಬೇಕು. ಆಮೇಲೆ ಅಲ್ಲ, ಬೆಂಕಿ ಬಿದ್ದ ದಿನ ಅಲ್ಲ.

ಅದೇನು ದೊಡ್ಡ ಸಾಹಸವೂ ಅಲ್ಲ. ಡೀಬಗ್ ಮಾಹಿತಿ ಇಟ್ಟುಕೊಂಡ, ಆಪ್ಟಿಮೈಸೇಶನ್ (ವೇಗಕ್ಕಾಗಿ ಕಂಪೈಲರ್ ಮಾಡುವ ಬದಲಾವಣೆ) ತಗ್ಗಿಸಿದ ಬೇರೆಯದೇ ಬಿಲ್ಡ್ ಒಂದು. ಥ್ರೆಡ್‌ಗಳ ಇಂಥ ಡಿಕ್ಕಿ ಹಿಡಿಯುವ ಟೂಲ್ ಥ್ರೆಡ್ ಸ್ಯಾನಿಟೈಜರ್ ಹಾಕಿದ ಬಿಲ್ಡ್ ಇನ್ನೊಂದು. ಇದು ಜಿಸಿಸಿ, ಕ್ಲ್ಯಾಂಗ್ ಎರಡೂ ಕಂಪೈಲರ್‌ಗಳಲ್ಲಿ ಇದೆ, ದುಡ್ಡು ಕೊಡಬೇಕಿಲ್ಲ. ಪ್ರೋಗ್ರಾಂ 5ರಿಂದ 15 ಪಟ್ಟು ನಿಧಾನವಾಗುತ್ತದೆ, ಮೆಮೊರಿ 5ರಿಂದ 10 ಪಟ್ಟು ತಿನ್ನುತ್ತದೆ. ಆಗಲಿ ಬಿಡಿ. ಬದಲಿಗೆ ಏನು ಸಿಗುತ್ತದೆ ನೋಡಿ: "ಈ ಥ್ರೆಡ್ ಈ ಸಾಲಿನಲ್ಲಿ ಬರೆಯಿತು, ಆ ಥ್ರೆಡ್ ಅದೇ ಜಾಗವನ್ನು ಆ ಸಾಲಿನಲ್ಲಿ ಓದಿತ್ತು" ಅಂತ ಎರಡೂ ಥ್ರೆಡ್‌ಗಳ ಸ್ಟ್ಯಾಕನ್ನೂ (ಯಾವ ಫಂಕ್ಷನ್‌ನಿಂದ ಯಾವುದಕ್ಕೆ ಬಂತು ಅನ್ನುವ ಪಟ್ಟಿ) ಫೈಲ್ ಹೆಸರು, ಸಾಲಿನ ಸಂಖ್ಯೆ ಸಮೇತ ಮುಂದಿಡುತ್ತದೆ. ಆ ಓಟದಲ್ಲಿ ಮೊತ್ತ ಸರಿಯಾಗೇ ಬಂದಿದ್ದರೂ ಹಿಡಿಯಬಲ್ಲದು. ಆ ಹುಡುಗಿಯ ಕೈಯಲ್ಲಿ ಈ ಒಂದು ವರದಿ ಇದ್ದಿದ್ದರೆ ಯಾರೂ ಮರ್ಜ್ ಮಾಡು ಅನ್ನುತ್ತಿರಲಿಲ್ಲ.

ಆದರೆ ಇದನ್ನು ಯಾರಾದರೂ ಪಕ್ಕದಲ್ಲಿ ಕೂತು ಹಾಕಿಕೊಡಬೇಕು. ಹೊಸ ಉಬುಂಟುವಿನಲ್ಲಿ ಸ್ಯಾನಿಟೈಜರ್ ಕೆಲವೊಮ್ಮೆ ಶುರುವಾಗೋ ಮುಂಚೆಯೇ ಮೆಮೊರಿ ಮ್ಯಾಪಿಂಗ್ ಸರಿಯಿಲ್ಲ ಅಂತ ಕೂಗಿ ಸಾಯುತ್ತದೆ. ಕಾರಣ, ಕರ್ನಲ್ ವಿಳಾಸಗಳನ್ನು ಎಷ್ಟು ಬಿಟ್‌ಗಳಷ್ಟು ಚದುರಿಸಬೇಕು ಅನ್ನುವ ಸೆಟ್ಟಿಂಗ್. 32 ಇದ್ದದ್ದನ್ನು 28 ಮಾಡಿದರೆ ಮುಗಿಯಿತು. ಒಂದು ಸಾಲಿನ ಕೆಲಸ. ಗೊತ್ತಿಲ್ಲದವರು ಟೂಲೇ ಕೆಟ್ಟಿದೆ ಅಂತ ಕೈಬಿಡುತ್ತಾರೆ. ಓಡುತ್ತಿರುವ ಪ್ರೋಗ್ರಾಂ ಒಳಗೆ ಇಣುಕುವ ಡೀಬಗರ್ ಜಿಡಿಬಿಯನ್ನು ಅದಕ್ಕೆ ಅಂಟಿಸಲು ಹೋದರೆ ಅನುಮತಿ ಇಲ್ಲ ಅನ್ನುತ್ತದೆ, ಅದೂ ಒಂದು ಪ್ರೋಗ್ರಾಂ ಇನ್ನೊಂದರೊಳಗೆ ಇಣುಕದಂತೆ ತಡೆಯುವ ಉಬುಂಟುವಿನ ಪಿಟ್ರೇಸ್ ಕಾವಲು. ಓಪನ್‌ಎಂಪಿ (ಲೂಪ್‌ಗಳನ್ನು ಥ್ರೆಡ್‌ಗಳಿಗೆ ಹಂಚುವ ವ್ಯವಸ್ಥೆ) ಬಳಸಿದ ಪ್ರೋಗ್ರಾಂ ಆದರೆ ಇನ್ನೊಂದು ಗೋಳು. ಜಿಸಿಸಿಯ ಓಪನ್‌ಎಂಪಿ ಲೈಬ್ರರಿ ಥ್ರೆಡ್‌ಗಳನ್ನು ಹೇಗೆ ಕಾಯಿಸುತ್ತದೆ ಅನ್ನೋದು ಸ್ಯಾನಿಟೈಜರ್‌ಗೆ ಕಾಣುವುದಿಲ್ಲ, ಸುಮ್ನೆ ಸುಳ್ಳು ಎಚ್ಚರಿಕೆ ಕೊಡುತ್ತದೆ. ಕ್ಲ್ಯಾಂಗ್ ಜೊತೆ, ಓಪನ್‌ಎಂಪಿಯ ಕಾಯುವಿಕೆಯನ್ನು ಸ್ಯಾನಿಟೈಜರ್‌ಗೆ ತಿಳಿಸುವ ಆರ್ಚರ್ ಅನ್ನೋ ಟೂಲ್ ಬಳಸಿದರೆ ಆ ಕಾಟ ಹೋಗುತ್ತದೆ. ಇದನ್ನೆಲ್ಲ ಪ್ರತಿ ಹೊಸಬರೂ ತಾವೇ ತಡಕಾಡಿ ಕಂಡುಹಿಡಿಯಬೇಕಾ? ತಂಡಕ್ಕೊಂದು ಸ್ಕ್ರಿಪ್ಟ್ ಬರೆದಿಟ್ಟರೆ ಆಗಲ್ವಾ?

ಬೇರೆ ಬೇರೆ ಪ್ರೋಸೆಸ್‌ಗಳು ಮೆಸೇಜ್ ಕಳಿಸಿಕೊಂಡು ಒಟ್ಟಿಗೆ ಕೆಲಸ ಮಾಡುವ ಎಂಪಿಐ ಕಥೆಯೂ ಇದೇ. ಎರಡು ಪ್ರೋಸೆಸ್‌ಗಳು ಎದುರುಬದುರು ಮೊದಲು ಸೆಂಡ್ ಮಾಡಿ ಆಮೇಲೆ ರಿಸೀವ್ ಮಾಡುತ್ತವೆ ಅಂದುಕೊಳ್ಳಿ. ಮೆಸೇಜ್ ಚಿಕ್ಕದಿದ್ದರೆ ಲೈಬ್ರರಿ ಸಾಮಾನ್ಯವಾಗಿ ಬಫರ್‌ನಲ್ಲಿ ಇಟ್ಟುಕೊಂಡು ಮುಂದೆ ಬಿಡುತ್ತದೆ, ಎಲ್ಲ ಚೆನ್ನಾಗಿ ಓಡುತ್ತದೆ. ದೊಡ್ಡದಾದರೆ ಆ ಕಡೆಯವರು ತಗೊಳ್ಳೋವರೆಗೂ ಕಾಯುತ್ತದೆ, ಇಬ್ಬರೂ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಡೀಬಗ್ ಬಿಲ್ಡ್‌ನಲ್ಲಿ ಸೆಂಡ್ ಬದಲು, ಯಾವಾಗಲೂ ಆ ಕಡೆಯವರಿಗೆ ಕಾಯುವ ಎಸ್‌ಸೆಂಡ್ ಹಾಕಿ ಓಡಿಸಿ. ಒಂದೇ ಅಕ್ಷರ ಜಾಸ್ತಿ. ಪುಟ್ಟ ಮೆಸೇಜ್‌ಗೇ ಲ್ಯಾಪ್‌ಟಾಪ್‌ನಲ್ಲೇ ಸಿಕ್ಕಿಬೀಳುತ್ತದೆ. ಇಷ್ಟು ಮಾಡದೆ ಐಐಎಸ್‌ಸಿಯ ಪರಮ್ ಪ್ರವೇಗದಂಥ 3.3 ಪೆಟಾಫ್ಲಾಪ್ ಸೂಪರ್‌ಕಂಪ್ಯೂಟರ್‌ನ ಸರದಿಯಲ್ಲಿ ಕಾದು, ಅಲ್ಲಿ ಹೋಗಿ ಪ್ರೋಗ್ರಾಂ ಸಿಕ್ಕಿಬೀಳಿಸೋದು ಯಾವ ನ್ಯಾಯ?

"ಡೆಡ್‌ಲೈನ್ ಇದೆ ರೀ, ಇದಕ್ಕೆಲ್ಲ ಟೈಮ್ ಎಲ್ಲಿ" ಅಂತಾರೆ. 1997ರಲ್ಲಿ ಮಂಗಳದ ಮೇಲೆ ಇಳಿದ ನಾಸಾದ ನೌಕೆ ಪಾಥ್‌ಫೈಂಡರ್ ನೆನಪಿಸಿಕೊಳ್ಳಿ. ಇಳಿದ ಕೆಲವೇ ದಿನಕ್ಕೆ ತಾನಾಗೇ ರೀಸೆಟ್ ಆಗತೊಡಗಿತು. ಕಡಿಮೆ ಆದ್ಯತೆಯ ಹವಾಮಾನದ ಕೆಲಸ ಒಂದು ಬೀಗ ಹಿಡಿದು ಕೂತಿತ್ತು, ಹೆಚ್ಚು ಆದ್ಯತೆಯ ಕೆಲಸ ಅದಕ್ಕಾಗಿ ಕಾಯುತ್ತಿತ್ತು, ಮಧ್ಯದ ಆದ್ಯತೆಯ ಕೆಲಸಗಳು ನುಗ್ಗಿ ಸಮಯ ತಿಂದವು. ಅದನ್ನು ಕಟ್ಟಿದ ನಾಸಾದ ಪ್ರಯೋಗಾಲಯ ಜೆಪಿಎಲ್‌ನವರು ಭೂಮಿಯ ಮೇಲಿದ್ದ ಅದೇ ಥರದ ಯಂತ್ರದಲ್ಲಿ ಟ್ರೇಸ್ (ಯಾವ ಕೆಲಸ ಯಾವಾಗ ನಡೆಯಿತು ಅನ್ನುವ ದಾಖಲೆ) ಹಾಕಿ ಗಂಟೆಗಟ್ಟಲೆ ಓಡಿಸಿ ಅದನ್ನು ಹಿಡಿದರು. ಡೀಬಗ್ ಸೌಲಭ್ಯಗಳನ್ನು ಹಾರಿಸಿದ ಸಾಫ್ಟ್‌ವೇರ್‌ನಲ್ಲೂ ಹಾಗೇ ಬಿಟ್ಟಿದ್ದರು, ಅದಕ್ಕೇ ಇಲ್ಲಿಂದಲೇ ಸರಿಪಡಿಸೋಕೂ ಆಯಿತು. ಅವರಿಗೆ ಡೆಡ್‌ಲೈನ್ ಇರಲಿಲ್ವಾ? ಗ್ರಹಗಳು ಯಾರಿಗೂ ಕಾಯಲ್ಲ.

"ಅಪರೂಪಕ್ಕೆ ಬರೋದು ತಾನೇ" ಅನ್ನೋರಿಗೆ 2003ರ ಆಗಸ್ಟ್ 14. ಅಮೆರಿಕ, ಕೆನಡಾದಲ್ಲಿ ಸುಮಾರು 5 ಕೋಟಿ ಜನಕ್ಕೆ ಕರೆಂಟ್ ಹೋಯಿತು. ಒಹಾಯೊದ ಕಂಟ್ರೋಲ್ ರೂಮಿನಲ್ಲಿ ಅಲಾರಂ ಸಾಫ್ಟ್‌ವೇರ್ ಒಂದು ರೇಸ್ ಕಂಡೀಶನ್‌ನಿಂದ, ಅಂದರೆ ಮೇಲೆ ಹೇಳಿದಂಥ ಡಿಕ್ಕಿಯಿಂದಲೇ, ಸುಮ್ಮನಾಗಿದ್ದೂ ಅದಕ್ಕೊಂದು ಕಾರಣ.

ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯರೇ, ನಿಮ್ಮಲ್ಲಿ ಒಂದು ಕೋರಿಕೆ. ವಿಟಿಯು ಪಠ್ಯದಲ್ಲಿ ಈಗ ಓಪನ್‌ಎಂಪಿ, ಎಂಪಿಐ ಎರಡೂ ಇವೆ, ನನಗೆ ನಿಜಕ್ಕೂ ಖುಷಿ. ಆದರೆ ಡೆಡ್‌ಲಾಕ್ (ಒಬ್ಬರಿಗೊಬ್ಬರು ಕಾಯುತ್ತಾ ಸಿಕ್ಕಿಕೊಳ್ಳೋದು) ತೋರಿಸುವಾಗ ಕಂಟ್ರೋಲ್-ಸಿ ಒತ್ತಿ ಮುಂದಿನ ಪ್ರೋಗ್ರಾಂಗೆ ಹೋಗಬೇಡಿ. ನಿಂತುಹೋದ ಎರಡೂ ಪ್ರೋಸೆಸ್‌ಗೆ ಜಿಡಿಬಿ ಅಂಟಿಸಲು ಹೇಳಿ, ಬ್ಯಾಕ್‌ಟ್ರೇಸ್ (ಆ ಕ್ಷಣದ ಸ್ಟ್ಯಾಕ್) ಕೇಳಿಸಿ. ಎರಡೂ ಯಾವ ಸಾಲಿನಲ್ಲಿ ಸಿಕ್ಕಿಕೊಂಡಿವೆ ಅಂತ ಕಾಣುತ್ತದೆ. ಮಕ್ಕಳು ಅದನ್ನು ತಮ್ಮ ಕಣ್ಣಾರೆ ನೋಡಲಿ. ಇದಕ್ಕೆ ಬೇಕಾದ ಸೆಟಪ್ ಸ್ಕ್ರಿಪ್ಟ್ ನನ್ನ ಹತ್ತಿರ ಇದೆ. ಇನ್‌ಬಾಕ್ಸ್‌ಗೆ ಬನ್ನಿ, ಕಳಿಸುತ್ತೇನೆ. ಬೇಕಿದ್ದರೆ ಯಾವುದಾದರೂ ಶನಿವಾರ ನಾನೇ ಲ್ಯಾಬ್‌ಗೆ ಬಂದು ಕೂರುತ್ತೇನೆ.